ಚನ್ನರಾಯಪಟ್ಟಣದ ಹದಿನಾಲ್ಕನೆಯ ಅಕ್ಷರ

೨೦೦೧ನೇ ಇಸವಿ ಜುಲೈ ಒಂಬತ್ತನೇ ತಾರೀಖು, ಸೋಮವಾರ. ಚನ್ನರಾಯಪಟ್ಟಣದಲ್ಲಿ ಬೆಳಗಿನಿಂದ ಮೋಡ ಮುಚ್ಚಿತ್ತು, ಗಾಳಿ ಬೀಸುತ್ತಿತ್ತು, ಮಳೆ ಬರಲಿಲ್ಲ. ಅಂದು ಹನ್ನೊಂದೂ ಕಾಲು ಗಂಟೆಗೆ ತೆಂಗಿನ ಚಿಪ್ಪು ಮತ್ತು ನಾರು ಉತ್ತೇಜನ ಉಪಕಚೇರಿಯ ಎರಡು ಕಂಪ್ಯೂಟರುಗಳು ಒಂದನ್ನೊಂದು ನೋಡಲಿಲ್ಲ.

ನೋಡಬೇಕೆಂದು ಆದೇಶವಿತ್ತು. ಹಾಸನದ ಜಿಲ್ಲಾ ಕಚೇರಿಯ ಸುತ್ತೋಲೆಯ ಮೊದಲನೇ ಕಲಮಿನಲ್ಲೇ, “ಆವಕ ಶಾಖೆಯ ಕಂಪ್ಯೂಟರು ಜಾವಕ ಶಾಖೆಯದನ್ನೂ, ಜಾವಕ ಶಾಖೆಯದು ಆವಕ ಶಾಖೆಯದನ್ನೂ ತಪ್ಪದೆ ಕಾಣತಕ್ಕದ್ದು” ಎಂದು ಬರೆದಿತ್ತು. ಎರಡನೇ ಕಲಮು ಚಿಕ್ಕದು: “ಹಾಗೆ ಕಂಡ ದಿನದಿಂದ, ಸದರಿ ಶಾಖೆಗಳ ನಡುವೆ ಕಡತ ಸಾಗಿಸುತ್ತಿರುವ ದಿನಗೂಲಿ ನೌಕರರ ಅವಶ್ಯಕತೆ ಇರುವುದಿಲ್ಲ.”

ದಿನಗೂಲಿ ನೌಕರರು ಅಂದರೆ ಹುಚ್ಚಯ್ಯ. ಬಹುವಚನ ಗೌರವಕ್ಕೆ ಹಾಕಿದ್ದು.

ಬಂದ ಕಾಗದ ಆವಕದಲ್ಲಿ ದಾಖಲಾಗುತ್ತದೆ, ಉತ್ತರ ಜಾವಕದಿಂದ ಹೊರಡುತ್ತದೆ. ಎರಡು ಕೋಣೆಗೂ ನಡುವೆ ಇರುವುದು ಒಂದೇ ಗೋಡೆ. ಆದರೆ ಬಾಗಿಲುಗಳು ಕಟ್ಟಡದ ಎರಡು ಕಡೆಗೆ. ಜಗಲಿ ಸುತ್ತಿಕೊಂಡು ಹೋದರೆ ಮೂವತ್ತೆಂಟು ಹೆಜ್ಜೆ. ಆ ಮೂವತ್ತೆಂಟು ಹೆಜ್ಜೆಯನ್ನು ಹುಚ್ಚಯ್ಯ ಹದಿನೈದು ವರ್ಷದಿಂದ ನಡೆಯುತ್ತಿದ್ದ. ಕಾಯಂ ಆಗಿರಲಿಲ್ಲ. ಅದಕ್ಕೆ ಮೊದಲು ಅವನು ಬಸ್‌ಸ್ಟಾಂಡಿನಲ್ಲಿ ಬಸ್ಸಿನ ಬೋರ್ಡು ಬರೆಯುತ್ತಿದ್ದ. ಅವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರಗಳು ಬರುತ್ತಿದ್ದವು. ಯಾವುದು ಎಷ್ಟು ಅಗಲ, ಯಾವುದು ಎಷ್ಟು ಬಣ್ಣ ಕುಡಿಯುತ್ತದೆ ಎಂಬುದು ಅವನ ಬೆರಳಿಗೆ ಗೊತ್ತಿತ್ತು.

ಅಂದು ಬೆಳಿಗ್ಗೆ ಹಾಸನದಿಂದ ವಂಶಿ ಎಂಬ ತಂತ್ರಜ್ಞ ಬಂದು, ಯಂತ್ರಗಳಿಗೆ ತಂತಿ ಎಳೆದು, “ಎರಡಕ್ಕೂ ಒಂದು ಗುಂಪಿನ ಹೆಸರು ಕೊಡಿ. ಊರ ಹೆಸರೇ ಹಾಕಿ. ಎರಡೂ ಕಡೆ ಒಂದೇ ಇರಬೇಕು, ಅಷ್ಟೆ” ಎಂದು ಹೇಳಿ ಹನ್ನೊಂದರ ಬಸ್ಸಿಗೆ ಹೊರಟುಹೋಗಿದ್ದ. ಆವಕದಲ್ಲಿ ಕಮಲಾಕ್ಷಮ್ಮನವರು ಊರ ಹೆಸರು ಹೊಡೆದರು. ಜಾವಕದಲ್ಲಿ ಚನ್ನಕೇಶವ ಅದೇ ಊರ ಹೆಸರು ಹೊಡೆದ. ಆಮೇಲೆ ಅವನು ಅಧೀಕ್ಷಕ ಪರಮಶಿವಯ್ಯನವರ ಮುಂದೆ ಬಂದು ನಿಂತ.

“ಸಾರ್, ಅಲ್ಲಿಂದು ಇಲ್ಲಿಗೆ ಕಾಣ್ತಾ ಇಲ್ಲ.”

ಪರಮಶಿವಯ್ಯನವರು ಎದ್ದು ಬಂದು ನೋಡಿದರು. ಜಾವಕದ ಯಂತ್ರದ ಮುಖ ಕಿಟಕಿಯ ಕಡೆಗಿತ್ತು. ಸುತ್ತಿಕೊಂಡು ಆವಕಕ್ಕೆ ಹೋದರು. ಅಲ್ಲಿಯದರ ಮುಖ ಕ್ಯಾಲೆಂಡರಿನ ಕಡೆಗಿತ್ತು.

“ಬೆನ್ನಿಗೆ ಬೆನ್ನು ಮಾಡಿ ಕೂರಿಸಿದ್ದೀರಲ್ರೀ! ಹೇಗ್ರೀ ಕಾಣ್ಬೇಕು?”

ಇದು ಆ ಥರದ ಕಾಣುವುದಲ್ಲ ಎಂದು ಹೇಳಲು ಚನ್ನಕೇಶವ ಬಾಯಿ ತೆರೆದ. ಅವನ ಬಡ್ತಿಯ ಕಡತ ಅಧೀಕ್ಷಕರ ಮೇಜಿನ ಮೇಲಿತ್ತು. ಬಾಯಿ ಮುಚ್ಚಿದ.

ಯಂತ್ರಗಳನ್ನು ಮುಖಾಮುಖಿ ತಿರುಗಿಸಲಾಯಿತು. ನಡುವೆ ಗೋಡೆ ಇದ್ದುದರಿಂದ, ಎರಡಡಿ ಉದ್ದ ಎರಡಡಿ ಅಗಲದ ಕಿಂಡಿಗೆ ಅಂದಾಜುಪಟ್ಟಿ ತಯಾರಾಗಿ, ಮಂಜೂರಾಗಿ, ಕಿಂಡಿ ಕೊರೆಯಲಾಯಿತು. ಆಗಲೂ ಕಾಣಲಿಲ್ಲ. ಕಣ್ಣಿಗೆ ತಂಪಾಗಲೆಂದು ಪರದೆಗಳಿಗೆ ತೊಡಿಸಿದ್ದ ಕಪ್ಪು ಗಾಜುಗಳನ್ನು ತೆಗೆಸಿದರು. ಆಮೇಲೆ ಕಿಂಡಿಗೊಂದು ಟ್ಯೂಬ್‌ಲೈಟು ಹಾಕಿಸಿ, ಸೂಚನಾ ಫಲಕದ ಮೇಲೆ ಪ್ರಕಟಣೆ ಅಂಟಿಸಿದರು:

“ಈ ಕಚೇರಿಯ ಕಂಪ್ಯೂಟರುಗಳು ಪ್ರತಿದಿನ ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಒಂದನ್ನೊಂದು ನೋಡಲು ಪ್ರಯತ್ನಿಸುತ್ತವೆ. ಸದರಿ ಅವಧಿಯಲ್ಲಿ ಸಾರ್ವಜನಿಕರು ನಡುವೆ ನಿಲ್ಲಕೂಡದು, ಕೊಡೆ ಬಿಚ್ಚಕೂಡದು. ಯಂತ್ರಗಳಿಗೆ ಸಂಕೋಚವಾಗುವಂತೆ ಇಣುಕುವವರ ಮೇಲೆ ಕ್ರಮ ಜರುಗಿಸಲಾಗುವುದು.”

ನುಗ್ಗೇಹಳ್ಳಿಯ ತಮ್ಮಯ್ಯ ತೆಂಗಿನ ನಾರಿನ ಯಂತ್ರಕ್ಕೆ ಸಹಾಯಧನ ಕೇಳಿ ಅರ್ಜಿ ಹಾಕಿದ್ದ. ಅದೇನಾಯಿತೆಂದು ವಿಚಾರಿಸಲು ಬಂದ.

“ಅರ್ಜಿ ಬಂದಿದೆ,” ಎಂದ ಚನ್ನಕೇಶವ. “ಆದರೆ ಇಲ್ಲಿಗೆ ಕಾಣ್ತಾ ಇಲ್ಲ.”

ತಮ್ಮಯ್ಯ ಕಿಂಡಿಯಲ್ಲಿ ತಲೆ ತೂರಿಸಿದ. “ಅಗಳಪ್ಪ, ಅಮ್ಮಾವ್ರ ಮೇಜಿನ್ ಮೇಲೈತಲ್ಲ! ನಂಗೆ ಇಲ್ಲಿಂದ್ಲೇ ಕಾಣ್ತೈತೆ.”

“ನಿಮಗೆ ಕಂಡ್ರೆ ಆಗಲ್ಲಾರೀ.”

“ಅಮ್ಮಾವ್ರೇ, ಒಸಿ ಈ ಕಡೀಕೆ ಕೊಡಿ, ಈಸ್ಕತೀನಿ.”

ಅದಕ್ಕೆ ಪರಮಶಿವಯ್ಯನವರು ಒಪ್ಪಲಿಲ್ಲ. ಕಿಂಡಿ ಮಂಜೂರಾದದ್ದು ಕಂಪ್ಯೂಟರುಗಳ ದೃಷ್ಟಿಗಾಗಿ. ಅದರಲ್ಲಿ ಕಾಗದ ಹಾದುಹೋದರೆ ಆಡಿಟ್ಟಿನವರು ಆಕ್ಷೇಪಣೆ ಬರೆಯುತ್ತಾರೆ. ಹುಚ್ಚಯ್ಯನನ್ನು ಕರೆದರು. ಹುಚ್ಚಯ್ಯ ಅರ್ಜಿಯನ್ನೂ, ಕಂಪ್ಯೂಟರಿನಲ್ಲಿ ದಾಖಲಾದ ಅದರ ವಿವರ ತುಂಬಿದ್ದ ಫ್ಲಾಪಿಯನ್ನೂ ತೆಗೆದುಕೊಂಡು ಜಗಲಿ ಸುತ್ತಿ ಮೂವತ್ತೆಂಟು ಹೆಜ್ಜೆ ನಡೆದು, ತಮ್ಮಯ್ಯನ ಪಕ್ಕದಲ್ಲೇ ನಿಂತು, ಚನ್ನಕೇಶವನಿಗೆ ಕೊಟ್ಟ.

ಹೀಗೆ ಮೂರು ವಾರ ಕಳೆಯಿತು. ಒಂದು ದಿನ ಹುಚ್ಚಯ್ಯ ಯಂತ್ರಗಳ ಧೂಳು ಒರೆಸುತ್ತಿದ್ದ. ಕಾಣದಿರುವ ಕಾರಣ ಹುಡುಕಲು ಚನ್ನಕೇಶವ ಎರಡರಲ್ಲೂ ಗುಂಪಿನ ಹೆಸರಿನ ಪುಟವನ್ನು ತೆರೆದಿಟ್ಟು ಊಟಕ್ಕೆ ಹೋಗಿದ್ದ. ಹುಚ್ಚಯ್ಯ ಆವಕದ್ದನ್ನು ಒರೆಸಿದ. ಜಗಲಿ ಸುತ್ತಿ ಬಂದು ಜಾವಕದ್ದನ್ನು ಒರೆಸಿದ. ಬಟ್ಟೆ ಹಿಡಿದ ಕೈ ನಿಂತಿತು. ಮತ್ತೆ ಹೋಗಿ ಆವಕದ್ದನ್ನು ನೋಡಿ ಬಂದ. ಎರಡರಲ್ಲೂ ಇಂಗ್ಲಿಷ್ ಅಕ್ಷರಗಳ ಮೇಲೆ ಬೆರಳಿಟ್ಟು ಎಣಿಸಿದ. ಹದಿನೈದು, ಹದಿನೈದು. ಹದಿಮೂರರವರೆಗೆ ಒಂದೇ. ಹದಿನಾಲ್ಕನೆಯದು ಜಾವಕದಲ್ಲಿ “ಎನ್”, ಆವಕದಲ್ಲಿ “ಟೀ”. ಜಾವಕದ ಯಂತ್ರ ಚನ್ನರಾಯಪಟ್ನದಲ್ಲಿತ್ತು. ಆವಕದ ಯಂತ್ರ ಚನ್ನರಾಯಪಟ್ಟದಲ್ಲಿತ್ತು. ಅದು ಯಾವ ಊರೋ, ಆ ಊರಿಗೆ ಅವನು ಯಾವತ್ತೂ ಬೋರ್ಡು ಬರೆದಿರಲಿಲ್ಲ.

ಸಂಜೆ ಹೆಂಡತಿ ದೊಡ್ಡಮ್ಮನಿಗೆ ಹೇಳಿದ. ಕಚೇರಿಯಲ್ಲಿ ಏನು ನಡೆದರೂ ಅವನು ಹೇಳುವುದು, ಅವಳು ಅವರೆಕಾಯಿ ಸುಲಿಯುತ್ತಲೋ ರಾಗಿ ಕೇರುತ್ತಲೋ ಕೇಳುವುದು, ಇದು ಅವರ ವಾಡಿಕೆ.

“ಸಾಹೇಬ್ರಿಗೆ ಯೋಳ್ಬುಟ್ಯಾ?” ಅಂದಳು.

“ಇನ್ನೂ ಇಲ್ಲ. ನಾಳೀಕ್ ಯೋಳ್ತೀನಿ.”

“ಅವು ಕಣ್ ಬುಟ್ರೆ ನಿನ್ ಕೆಲ್ಸ ಓಯ್ತದೆ. ಮುಚ್ಕಂಡಿದ್ರೆ ಇರ್ತದೆ. ಇಷ್ಟೂ ತಿಳ್ಯಾಕಿಲ್ವಾ ನಿಂಗೆ?”

“ಬೋರ್ಡು ತೆಪ್ಪಾಗೈತೆ ಕಣೆ.”

“ನೀನ್ ಬರ್ದಿದ್ದಾ?”

“ಅಲ್ಲ.”

“ಮತ್ ನಿಂಗ್ಯಾಕ್ ಉರಿ? ಉಣ್ಣು ಸುಮ್ಕೆ.”

ಹುಚ್ಚಯ್ಯ ಉಣ್ಣಲು ಕೂತ. ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ. ಆ ಟೀ ಅಡ್ಡ ನಿಂತಿತ್ತು.

ಮರುದಿನ ಪರಮಶಿವಯ್ಯನವರ ಮುಂದೆ ನಿಂತು, “ಸಾ, ಒಂದು ಟೀ ಜಾಸ್ತಿ ಆಗೈತೆ” ಅಂದ.

“ಜಾಸ್ತಿ ಆದ್ರೆ ನೀನೇ ಕುಡಿ.”

“ಅಂಗಲ್ಲ ಸಾ. ಆವಕದ ಮಿಸಿನ್ನಾಗೈತೆ.”

“ಮಿಷನ್ನಿಗೆ ಟೀ ಚೆಲ್ಲಿದ್ರಾ!”

ಸರ್ಕಾರಿ ಯಂತ್ರಕ್ಕೆ ಟೀ ಕುಡಿಸಿದ್ದಕ್ಕೆ ಏಕೆ ಕ್ರಮ ಜರುಗಿಸಬಾರದೆಂದು ಕಮಲಾಕ್ಷಮ್ಮನವರಿಗೆ ಹತ್ತೇ ನಿಮಿಷದಲ್ಲಿ ನೋಟೀಸು ಹೋಯಿತು. ಹನ್ನೊಂದನೇ ನಿಮಿಷಕ್ಕೆ ಅವರೇ ಬಂದರು.

“ನಾನು ಕಾಫಿ ಕುಡಿಯೋಳು!” ಎಂದರು. “ಇಪ್ಪತ್ತೆರಡು ವರ್ಷದ ಸರ್ವಿಸ್ಸಲ್ಲಿ ಈ ಕಚೇರೀಲಿ ಟೀ ಮುಟ್ಟಿಲ್ಲ!”

ಹುಚ್ಚಯ್ಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಎರಡೂ ಹೆಸರನ್ನು ದಪ್ಪಗೆ, ಬಸ್ಸಿನ ಬೋರ್ಡಿನ ಅಳತೆಗೆ ಬರೆದು ತೋರಿಸಿದ ಮೇಲೆ ಸಂಗತಿ ತಿಳಿಯಾಯಿತು.

“ಪಟ್ಟಣಕ್ಕೆ ಒತ್ತಕ್ಷರ ಇದೆ,” ಎಂದರು ಕಮಲಾಕ್ಷಮ್ಮ. “ಎರಡು ಟಿ ಹಾಕ್ಲೇಬೇಕು. ನಾನು ಪೂರ್ತಿ ಹದಿನೇಳು ಅಕ್ಷರ ಹೊಡೆದೆ. ಮಿಷನ್ನು ಹದಿನೈದಕ್ಕೇ ನಿಂತ್ಕೊಂಡ್ತು. ಉಳಿದದ್ದು ಒಳಗೆ ಇಟ್ಕೊಂಡಿರುತ್ತೆ ಬಿಡು ಅಂದ್ಕೊಂಡೆ.”

“ಎಲ್ಲಾರೂ ಬರೆಯೋದು ಒಂದೇ ಟಿ ಮೇಡಂ,” ಎಂದ ಚನ್ನಕೇಶವ. “ತಿದ್ದಿಬಿಡೋಣ ಸಾರ್. ಒಂದು ನಿಮಿಷದ ಕೆಲ್ಸ.”

ಹುಚ್ಚಯ್ಯ ಕಣ್ಣು ಮುಚ್ಚಿಕೊಂಡ. ಹದಿನೈದು ವರ್ಷ ಮುಗಿಯಲು ಒಂದು ನಿಮಿಷ ಬಾಕಿ ಇತ್ತು.

“ಯಾವುದನ್ನ ತಿದ್ತೀರಿ?” ಎಂದರು ಪರಮಶಿವಯ್ಯ. “ಅವರದ್ದು ತಿದ್ದಿದ್ರೆ ಅವರದ್ದು ತಪ್ಪು ಅಂತಾಗುತ್ತೆ. ನಿಮ್ಮದು ತಿದ್ದಿದ್ರೆ ನಿಮ್ಮದು. ತಪ್ಪು ಅಂದ್ಮೇಲೆ ವಿಚಾರಣೆ. ವಿಚಾರಣೆ ಅಂದ್ಮೇಲೆ ಬಡ್ತಿ ನಿಲ್ಲುತ್ತೆ.”

ಚನ್ನಕೇಶವ ಸ್ವಲ್ಪ ಯೋಚಿಸಿ, ಎರಡೂ ಸರಿಯಾಗಿರುವಂತೆ ತನಗೆ ಮೊದಲಿನಿಂದಲೂ ಅನ್ನಿಸುತ್ತಿತ್ತು ಎಂದ.

ಊರ ಹೆಸರು ಊರಿನವರ ಅಧಿಕಾರವ್ಯಾಪ್ತಿಗೆ ಬರುವುದಿಲ್ಲವಾದ್ದರಿಂದ ಹಾಸನಕ್ಕೆ ಪತ್ರ ಹೋಯಿತು. ಹಾಸನದವರು ಉಳಿದ ತಾಲ್ಲೂಕುಗಳ ಅನುಭವ ಕೇಳಿದರು. ಹೊಳೆನರಸೀಪುರದ ಉಪಕಚೇರಿ ಬರೆಯಿತು: “ನಮ್ಮಲ್ಲಿರುವುದು ಒಂದೇ ಕಂಪ್ಯೂಟರು. ಅದು ತನ್ನನ್ನು ತಾನು ಚೆನ್ನಾಗಿ ಕಾಣುತ್ತಿದೆ.” ಅರಕಲಗೂಡಿನದು ಬರೆಯಿತು: “ನಮ್ಮವು ಎರಡೂ ಇನ್ನೂ ಪೆಟ್ಟಿಗೆಯಲ್ಲಿವೆ. ಇದುವರೆಗೆ ಭಿನ್ನಾಭಿಪ್ರಾಯದ ವರದಿ ಇಲ್ಲ.” ಎರಡು ಕಚೇರಿಗೂ ಪ್ರಶಂಸಾಪತ್ರ ಬಂತು.

೨೦೦೨ರ ಫೆಬ್ರವರಿಯಲ್ಲಿ ಚನ್ನರಾಯಪಟ್ಟಣಕ್ಕೆ ಆದೇಶ ಬಂತು:

“ಎರಡೂ ಕಾಗುಣಿತಗಳು ಸರಿಯಾಗಿವೆ. ಸರಿಯಾಗಿರುವುದನ್ನು ತಿದ್ದಲು ನಿಯಮದಲ್ಲಿ ಅವಕಾಶವಿಲ್ಲ. ಆದ್ದರಿಂದ ಕಂಪ್ಯೂಟರುಗಳು ಪರಸ್ಪರ ಕಾಣದಿರುವುದಕ್ಕೆ ಕೇಬಲಿನ ದೋಷವೇ ಕಾರಣವೆಂದು ಭಾವಿಸತಕ್ಕದ್ದು. ಸೂಕ್ತ ಕೇಬಲನ್ನು ಸ್ಥಳೀಯವಾಗಿ ಕಂಡುಕೊಳ್ಳತಕ್ಕದ್ದು. ದಿನಗೂಲಿ ನೌಕರರನ್ನು ಮಾರ್ಚ್ ಅಂತ್ಯಕ್ಕೆ ಬಿಡುಗಡೆ ಮಾಡತಕ್ಕದ್ದು. ಹೊಸ ನೇಮಕಾತಿಗೆ ನಿಷೇಧವಿದೆ, ಕೇಬಲಿಗೆ ಇಲ್ಲ.”

ಪರಮಶಿವಯ್ಯನವರು ಅದನ್ನು ಮೂರು ಸಲ ಓದಿದರು. ತಲೆಯೆತ್ತಿದಾಗ ಹುಚ್ಚಯ್ಯ ಫ್ಲಾಪಿ ಹಿಡಿದು ಜಗಲಿಯಲ್ಲಿ ಹೋಗುತ್ತಿದ್ದ. ಆವಕದಿಂದ ಹೊರಟಿದ್ದ, ಜಾವಕ ಸೇರುತ್ತಿದ್ದ. ಅವರು ದಾಸ್ತಾನು ಪುಸ್ತಕ ತೆಗೆದರು.

“ಹುಚ್ಚಯ್ಯ, ನಿನ್ನನ್ನ ಕೇಬಲ್ ಅಂತ ಬರ್ಕೊಳ್ತೀನಿ.”

“ಸಾ, ನಾನು ಮನ್ಸ ಅಲ್ವಾ?”

“ಮನುಷ್ಯ ಅಂತ ಬರೆದ್ರೆ ಮಾರ್ಚಿಗೆ ಮನೆಗೆ ಹೋಗ್ತೀಯ. ಕೇಬಲ್ ಅಂತ ಬರೆದ್ರೆ ಕಟ್ಟಡ ಇರೋತನಕ ಇರ್ತೀಯ. ಯೋಚ್ನೆ ಮಾಡು.”

ಹುಚ್ಚಯ್ಯ ಫ್ಲಾಪಿ ಮುಟ್ಟಿಸಿ ಬರುವಷ್ಟು ಹೊತ್ತು ಯೋಚಿಸಿದ. ಬಂದು, “ಬರ್ಕಳಿ ಸಾ” ಅಂದ.

ಬರೆದುಕೊಂಡರು: “ಕೇಬಲ್. ಸಂಖ್ಯೆ ಒಂದು. ಉದ್ದ ಐದಡಿ ನಾಲ್ಕಂಗುಲ. ಬಣ್ಣ ಖಾಕಿ. ಸ್ಥಿತಿ: ಬಳಸಿದ್ದು, ಆದರೆ ಚಾಲ್ತಿಯಲ್ಲಿದೆ.” ಕೇಬಲ್ ಓಡಲು ಕರೆಂಟು ಬೇಕಾದ್ದರಿಂದ ಅವನ ದಿನಗೂಲಿಯನ್ನು ವಿದ್ಯುತ್ ವೆಚ್ಚದ ಬಾಬ್ತಿಗೆ ಸೇರಿಸಿದರು.

ಹೊಸ ಕೇಬಲನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡಲು ವಂಶಿಯನ್ನು ಕರೆಸಲಾಯಿತು. ವಂಶಿ ಎರಡು ಪರದೆಗಳನ್ನು ನೋಡಿದ, ಕಿಂಡಿ ನೋಡಿದ, ಪ್ರಕಟಣೆ ಓದಿದ, ಕೊನೆಗೆ ಹುಚ್ಚಯ್ಯನನ್ನು ನೋಡಿದ.

“ಇದು ಒಂದಕ್ಷರದ ಕೆಲಸ ಸಾರ್.”

“ಆ ಅಕ್ಷರ ಈಗ ಆದೇಶದಲ್ಲಿ ಸೇರ್ಕೊಂಡಿದೆ. ನೀವು ಕೇಬಲ್ ನೋಡಿ.”

ಹಾಸನದ ಬಸ್ಸಿಗೆ ಇನ್ನು ಇಪ್ಪತ್ತು ನಿಮಿಷವಿತ್ತು. ವಂಶಿ ಹುಚ್ಚಯ್ಯನ ಕೈಗೆ ಫ್ಲಾಪಿ ಕೊಟ್ಟು ಗಡಿಯಾರ ನೋಡಿದ. ಇಪ್ಪತ್ತೊಂಬತ್ತು ಸೆಕೆಂಡು. ಎರಡನೇ ಸಲ ಕೊಟ್ಟು ಕಳಿಸಿದಾಗ ನಡುವೆ ಕರೆಂಟು ಹೋಯಿತು. ಯಂತ್ರಗಳು ಆರಿದವು, ಟ್ಯೂಬ್‌ಲೈಟು ಆರಿತು. ಹುಚ್ಚಯ್ಯ ಮಾತ್ರ ಹೊರಟ ವೇಗದಲ್ಲೇ ಜಾವಕ ತಲುಪಿದ.

ವಂಶಿ ಪ್ರಮಾಣಪತ್ರ ಬರೆದ: “ವಿದ್ಯುತ್ ಇಲ್ಲದಾಗಲೂ ಕೆಲಸ ಮಾಡುವ, ಜಿಲ್ಲೆಯ ಏಕೈಕ ಕೇಬಲ್. ಸ್ವಲ್ಪ ಕೆಮ್ಮು ಇದೆ. ಎರಡೂ ತುದಿಗೆ ಒಂದೇ ಮಾದರಿಯ ಕನೆಕ್ಟರು ಅಳವಡಿಸತಕ್ಕದ್ದು.” ಕೊನೆಯ ವಾಕ್ಯವನ್ನು ಅವನು ಎಲ್ಲ ಕೇಬಲಿಗೂ ಬರೆಯುತ್ತಿದ್ದ, ಕೈಗೆ ಅಭ್ಯಾಸವಾಗಿತ್ತು.

ಆ ಪ್ರಮಾಣಪತ್ರದ ನಕಲು ಓಡಾಡಿತು. ಅರಕಲಗೂಡಿನವರು ತಮಗೂ ಇಂಥದೇ ಒಂದು ಬೇಕೆಂದು, ಕೆಮ್ಮು ಇಲ್ಲದ್ದಾದರೆ ಉತ್ತಮವೆಂದು ಬರೆದರು. ತಮ್ಮಯ್ಯನ ಸಹಾಯಧನ ಮಂಜೂರಾಯಿತು. ಅವನು ಕಿಂಡಿಗೆ ಕೈಮುಗಿದು ಹೋದ. ಚನ್ನಕೇಶವನಿಗೆ ಬಡ್ತಿಯಾಯಿತು. ಕಮಲಾಕ್ಷಮ್ಮನವರು ಟೀ ಚೆಲ್ಲಿದ ನೋಟೀಸು ಮಾತ್ರ ರದ್ದಾಗಲಿಲ್ಲ. ಅದಕ್ಕೆ ಅವರು ಪ್ರತಿ ತಿಂಗಳು ಉತ್ತರ ಬರೆಯುತ್ತಿದ್ದರು, ಹುಚ್ಚಯ್ಯ ಅದನ್ನು ಜಾವಕಕ್ಕೆ ಒಯ್ಯುತ್ತಿದ್ದ.

ಮಾರ್ಚ್ ಮೂವತ್ತನೇ ತಾರೀಖು ಹುಚ್ಚಯ್ಯ ಕೊನೆಗೂ ಬಾಯಿ ಬಿಟ್ಟು ಕೇಳಿದ.

“ಸಾ, ಕಳ್ದ ಅದಿನೈದ್ ವರ್ಸದ್ದು ಏನಾರಾ ಐತಾ?”

ಪರಮಶಿವಯ್ಯನವರು ನಿಯಮಾವಳಿ ತಿರುವಿ ಹಾಕಿದರು. ಕೇಬಲಿಗೆ ಹಿಂಬಾಕಿ ಕೊಡುವಂತಿರಲಿಲ್ಲ. ಆದರೆ ಕನೆಕ್ಟರಿನ ಬಾಬ್ತಿನಲ್ಲಿ ಹಣ ಉಳಿದಿತ್ತು, ಮರುದಿನ ಅದು ವಾಪಸು ಹೋಗುತ್ತಿತ್ತು. ಪ್ರಮಾಣಪತ್ರ ಎದುರಿಗಿಟ್ಟುಕೊಂಡು, ಹುಚ್ಚಯ್ಯನನ್ನು ಮೇಲಿಂದ ಕೆಳಗೆ ನೋಡಿ, ಕೆಳಗಿನ ಎರಡು ತುದಿಗಳನ್ನು ಗುರುತು ಹಾಕಿಕೊಂಡು, ಅಂಗಡಿಗೆ ಚೀಟಿ ಬರೆದರು.

ಸಂಜೆ ದೊಡ್ಡಮ್ಮ ಬಾಗಿಲಲ್ಲೇ ಕೂತಿದ್ದಳು.

“ಏನಂತೆ?”

“ಕಾಯಂ ಆಯ್ತು ಕಣೆ. ಕಟ್ಟಡ ಬೀಳಗಂಟ ಯಾರೂ ತಗ್ಯಂಗಿಲ್ಲ.”

“ಅದ್ಸರಿ. ಅದಿನೈದ್ ವರ್ಸಕ್ಕೆ ಕೈಗೇನ್ ಬಂತು?”

“ಕೈಗಲ್ಲ, ಕಾಲ್ಗೆ,” ಎಂದು ಹುಚ್ಚಯ್ಯ ಕಾಗದದ ಪೊಟ್ಟಣ ಅವಳ ಮುಂದಿಟ್ಟ.

ದೊಡ್ಡಮ್ಮ ದಾರ ಬಿಚ್ಚಿದಳು. ಹೊಸ ಚಪ್ಪಲಿ, ಒಳ್ಳೇ ಚರ್ಮದವು. ನೆಲದ ಮೇಲೆ ಜೋಡಿಸಿದಳು. ಅದಲು ಬದಲು ಮಾಡಿ ಜೋಡಿಸಿದಳು. ಸ್ವಲ್ಪ ಹಿಂದೆ ಸರಿದು ನೋಡಿದಳು.

“ಎಲ್ಡೂ ಎಡಗಾಲಿಂದೇ ಅಲ್ವಾ?”

“ಎಲ್ಡೂ ಕಡೆ ಒಂದೇ ಇರ್ಬೇಕು ಅಂತ ಆಡ್ರಾಗೈತೆ,” ಎಂದ ಹುಚ್ಚಯ್ಯ.