ನಾಲ್ಕು ಜನರ ಸಾಂಬಾರು

ಪ್ರತಿ ಕಸುಬಿನವರಿಗೂ ಹೊರಗೆ ಹೇಳಿಕೊಳ್ಳಲಾಗದ ಒಂದು ಗುಟ್ಟಿರುತ್ತದೆ. ನಮ್ಮ ಬೀದಿಯ ಕನ್ನಡಕದ ಅಂಗಡಿಯವರು ಒಳಗೆ ಬಂದ ಗಿರಾಕಿ ಯಾರೆಂದು ತಿಳಿಯಲು ಮೊದಲು ತಮ್ಮ ಕನ್ನಡಕ ಹುಡುಕುತ್ತಾರೆ. ನನ್ನ ಗುಟ್ಟು ಅದಕ್ಕಿಂತ ಒಂದು ಕೈ ಮೇಲೆ. ಕುಂದಾಪುರದ ಕಡೆಯಿಂದ ಬಂದು ಅಪ್ಪ ಚೆನ್ನೈಯ ಮೈಲಾಪೂರಿನಲ್ಲಿ ತೆರೆದ ಸಸ್ಯಾಹಾರಿ ಹೋಟೆಲನ್ನು ಇಪ್ಪತ್ತೈದು ವರ್ಷಗಳಿಂದ ನಡೆಸುತ್ತಿರುವ ನನಗೆ ಒಂದು ಸಾಂಬಾರು ಮಾಡಲೂ ಬರುವುದಿಲ್ಲ. ನಾನು ಗಲ್ಲಾದಲ್ಲಿ ಕೂರುವವನು. ಅಡುಗೆಮನೆಗೆ ಹೋದರೆ ನಮ್ಮ ಮುಖ್ಯ ಅಡುಗೆಯವರಾದ ಮಹಾಬಲಣ್ಣ, ಮದುವೆಮನೆಯಲ್ಲಿ ದಾರಿಗಡ್ಡವಾಗಿ ನಿಂತ ನೆಂಟನನ್ನು ನೋಡುವ ಹಾಗೆ ನನ್ನನ್ನು ನೋಡುತ್ತಾರೆ.

ಗಂಡನಿಗೆ ಬಾರದಿದ್ದರೆ ಹೆಂಡತಿಗಾದರೂ ಬರಬೇಕಲ್ಲ ಎಂದು ನೀವು ಕೇಳಬಹುದು. ಅದಕ್ಕೂ ಅಪ್ಪನೇ ಕಾರಣ. "ನಮ್ ಮಕ್ಕಳ್ ತಿನ್ನದ್ದನ್ನ ಊರ್ ಮಕ್ಕಳಿಗೆ ಹಾಕುಕಾಗ" ಎಂಬುದು ಅವರ ನಿಯಮ. ಹಾಗಾಗಿ ಮೂರು ಹೊತ್ತೂ ಹೋಟೆಲಿನಿಂದ ಮನೆಗೆ ಕ್ಯಾರಿಯರ್ ಬರುತ್ತದೆ. ಗಿರಾಕಿಗೆ ಏನೋ ನಮಗೂ ಅದೇ. ಉಪ್ಪು ಹೆಚ್ಚಾದರೆ ಮನೆಯವರಿಗೇ ಮೊದಲು ಗೊತ್ತಾಗಬೇಕು. ಮದುವೆಯಾಗಿ ಬಂದ ಹೊಸದರಲ್ಲಿ ನನ್ನ ಹೆಂಡತಿ ಸುಮತಿ ಈ ಏರ್ಪಾಡಿಗೆ ಎಷ್ಟು ಸಂತೋಷಪಟ್ಟಳೆಂದರೆ, ತವರಿನಲ್ಲಿ ಕಲಿತ ಅಡುಗೆಯನ್ನು ಎರಡೇ ವರ್ಷದಲ್ಲಿ ಸಂಪೂರ್ಣವಾಗಿ ಮರೆತುಬಿಟ್ಟಳು. ನಮ್ಮ ಮನೆಯ ಒಲೆ ಕಂಡಿರುವುದು ಹಾಲು, ಕಾಫಿ ಮತ್ತು ಜ್ವರ ಬಂದಾಗಿನ ಗಂಜಿ.

ಇಂಥ ಮನೆಯಲ್ಲಿ ಹುಟ್ಟಿದ ನಮ್ಮ ಮಗಳು ಅನಘಾ, ಹನ್ನೊಂದನೆಯ ತರಗತಿಯವಳು, ವಿದ್ಯಾರ್ಥಿ ವಿನಿಮಯದಲ್ಲಿ ಒಂದು ವರ್ಷ ನಾರ್ವೆಗೆ ಹೊರಟಿದ್ದಾಳೆ. ಸುದ್ದಿ ತಿಳಿದ ದಿನ ನಾನು ಗಲ್ಲಾದಲ್ಲಿ ಕೂತು ಎಲ್ಲರಿಗೂ ಹೇಳಿದೆ. ಕೇಳಿದವರಿಗೆ ಹೇಳಿದೆ, ಕೇಳದವರಿಗೆ ಎರಡು ಸಲ ಹೇಳಿದೆ. ಬೆಳಗಿನ ಇಡ್ಲಿಗೆ ಬರುವ ನಿವೃತ್ತ ರೈಲ್ವೆ ಅಧಿಕಾರಿಯೊಬ್ಬರು ಪೆಟ್ಟಿಗೆಗೆ ಸರಪಳಿ ಹಾಕಿ ಸೀಟಿನಡಿ ಕಟ್ಟಲು ಸಲಹೆ ಕೊಟ್ಟರು. ವಿಮಾನದಲ್ಲಿ ಸೀಟಿನಡಿ ಪೆಟ್ಟಿಗೆ ಹಿಡಿಸುವುದಿಲ್ಲ ಎಂದರೆ, "ಆದರೂ ಸರಪಳಿ ಇರಲಿ" ಎಂದರು. ಪೆಟ್ಟಿಗೆಯ ತೂಕ ನೋಡಲು ಅದನ್ನು ಹೋಟೆಲಿನ ಉಗ್ರಾಣದಲ್ಲಿ ಅಕ್ಕಿ ಮೂಟೆ ತೂಗುವ ತಕ್ಕಡಿಯ ಮೇಲಿಟ್ಟೆವು. ಮಾಣಿಗಳೆಲ್ಲ ಸುತ್ತ ನಿಂತು, ಒಂದು ಸ್ವೆಟರ್ ತೆಗೆದು ತೂಕ ಮಿತಿಗೆ ಇಳಿದಾಗ ಚಪ್ಪಾಳೆ ತಟ್ಟಿದರು. ಖುಷಿಯಲ್ಲಿ ನಾನೂ ತಟ್ಟಿದೆ. ಆ ಸ್ವೆಟರ್ ನಾನೇ ಆರಿಸಿ ತಂದದ್ದು ಎಂದು ಆಮೇಲೆ ನೆನಪಾಯಿತು.

ಇಷ್ಟರ ನಡುವೆ ನಾನು ಮಾಡಿದ್ದ ಒಂದು ಘನಕಾರ್ಯ ಮೆಲ್ಲಗೆ ತಲೆ ಎತ್ತುತ್ತಿತ್ತು. ಆಯ್ಕೆಯ ಸಂದರ್ಶನಕ್ಕೆ ತಂದೆತಾಯಿಯನ್ನೂ ಕರೆದಿದ್ದರು. ಎದುರಿಗೆ ಕೂತಿದ್ದ ಹೆಂಗಸು ಬಹಳ ವಿನಯದಿಂದ, "ಮನೆಯಲ್ಲಿ ನೀವು ಮಗಳಿಗೆ ಏನು ಕಲಿಸಿದ್ದೀರಿ?" ಎಂದು ಕೇಳಿದರು. ಪ್ರಾಮಾಣಿಕ ಉತ್ತರ, ಏನೂ ಇಲ್ಲ. ಆದರೆ ಮಗಳ ಭವಿಷ್ಯ ತೂಗಾಡುತ್ತಿರುವಾಗ ಹಾಗೆ ಹೇಳಲಾಗುತ್ತದೆಯೆ? "ಅಡುಗೆ. ನಮ್ಮದು ಹೋಟೆಲಿನ ಮನೆತನ. ನಮ್ಮಲ್ಲಿ ಅಡುಗೆ ತಲೆಮಾರಿನಿಂದ ತಲೆಮಾರಿಗೆ ಹೋಗುತ್ತದೆ. ನಾನೇ ಕೈ ಹಿಡಿದು ಕಲಿಸಿದ್ದೇನೆ" ಎಂದೆ. ಅವರು ಅದನ್ನು ಬರೆದುಕೊಂಡರು. ಹೊರಗೆ ಬಂದ ಮೇಲೆ ಅನಘಾ ಎಂದಿನಂತೆ ತಮಿಳಿನಲ್ಲಿ, "ಏನ್ಪಾ ಪೊಯ್ ಸೊನ್ನೀಂಗ?" ಎಂದಳು, ಸುಳ್ಳು ಯಾಕೆ ಹೇಳಿದಿರಿ ಎಂದು. ಸುಮತಿ, "ಅಷ್ಟ್ ದೊಡ್ಡ್ ಸುಳ್ಳ್ ಎಂತಕ್ಕೆ ಹೇಳುಕ್ ಹೋದ್ರಿ?" ಎಂದಳು. ಸಣ್ಣ ಸುಳ್ಳಾಗಿದ್ದರೆ ಅವಳಿಗೆ ಅಡ್ಡಿಯಿರಲಿಲ್ಲ ಎಂದು ಕಾಣುತ್ತದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೊರಡಲು ಒಂದು ತಿಂಗಳಿರುವಾಗ ಅನಘಾ ಉಳಿಯಬೇಕಾದ ಮನೆಯ ಯಜಮಾನಿ ಇಂಗ್ರಿಡ್ ಎಂಬವರಿಂದ ಪತ್ರ ಬಂತು. ಗಂಡ, ಹೆಂಡತಿ, ಒಬ್ಬ ಸಣ್ಣ ಮಗಳು, ಅನಘಾ ಸೇರಿದರೆ ನಾಲ್ವರು. ಅಡುಗೆ ಬಲ್ಲ ಹುಡುಗಿ ಬರುತ್ತಿದ್ದಾಳೆಂದು ಎಲ್ಲರಿಗೂ ಸಂಭ್ರಮವಂತೆ. ಮೊದಲ ಶನಿವಾರ ಅವಳೇ ಅಪ್ಪ ಕಲಿಸಿದ ಸಾಂಬಾರು ಮಾಡಬೇಕಂತೆ. ಆ ಪುಟ್ಟ ಹುಡುಗಿ ಈಗಿನಿಂದಲೇ ದಿನ ಎಣಿಸುತ್ತಿದ್ದಾಳಂತೆ. ನನ್ನ ಮಾನ ಹೋದರೆ ಹೋಗಲಿ, ಅದು ಗಲ್ಲಾದಲ್ಲಿ ಎಷ್ಟೋ ಸಲ ಹೋಗಿ ಬಂದಿದೆ. ಆದರೆ ಮಗಳು ಗುರುತಿಲ್ಲದ ಮನೆಯಲ್ಲಿ, ಮೊದಲ ವಾರವೇ, ಅಪ್ಪನ ಸುಳ್ಳಿಗೆ ತಲೆ ತಗ್ಗಿಸಿ ನಿಲ್ಲಬೇಕೆ?

ಮಹಾಬಲಣ್ಣನ ಹತ್ತಿರ ಹೋಗಿ ವಿಷಯ ಹೇಳಿದೆ. ಅವರು ಕೈಯಲ್ಲಿದ್ದ ಮರದ ಹುಟ್ಟು ಕೆಳಗಿಟ್ಟು ಯೋಚಿಸಿದರು. "ನಾಕ್ ಜನಕ್ಕಾ? ನಾಕ್ ಜನಕ್ಕೆ ಮಾಡುಕೆ ನಂಗ್ ಬತ್ತಿಲ್ಲೆ ಮಾರಾಯ್ರೆ. ಇನ್ನೂರ್ ಜನಕ್ಕಾರೆ ಕಣ್ ಮುಚ್ಚಿ ಮಾಡ್ತೆ" ಎಂದರು. ಸರಿ, ಇನ್ನೂರಕ್ಕೇ ಹೇಳಿ, ಭಾಗಿಸುವುದು ನನ್ನ ಕೆಲಸ ಎಂದೆ. ನಾಲ್ಕು ಕಿಲೋ ಬೇಳೆ, ಮೂವತ್ತು ನುಗ್ಗೆಕಾಯಿ, ನಿಂಬೆ ಗಾತ್ರದ ಇಂಗು, ಉಪ್ಪು ಎಂಟು ಮುಷ್ಟಿ. ಐವತ್ತರಿಂದ ಭಾಗಿಸಿದರೆ ಬೇಳೆ ಎಂಬತ್ತು ಗ್ರಾಂ ಬಂತು. ನುಗ್ಗೆಕಾಯಿ ಅರ್ಧಕ್ಕಿಂತ ತುಸು ಹೆಚ್ಚು. ನಿಂಬೆಯ ಐವತ್ತನೆಯ ಒಂದು ಭಾಗ ಎಷ್ಟು ದೊಡ್ಡದು, ಮಹಾಬಲಣ್ಣನ ಮುಷ್ಟಿಯ ಆರನೆಯ ಒಂದು ಭಾಗದಲ್ಲಿ ಎಷ್ಟು ಬೆರಳು ಬರುತ್ತವೆ ಎಂದು ಯಾವ ಕ್ಯಾಲ್ಕುಲೇಟರೂ ಹೇಳಲಿಲ್ಲ. ಎಂಬತ್ತು ಗ್ರಾಂ ಬೇಳೆಯನ್ನು ಉಗ್ರಾಣದ ತಕ್ಕಡಿಯ ಮೇಲಿಟ್ಟರೆ ಮುಳ್ಳು ಅಲುಗಲೂ ಇಲ್ಲ.

ಮೊದಲ ಭಾನುವಾರ ಮನೆಯಲ್ಲಿ ಪ್ರಯೋಗ ನಡೆಯಿತು. ಪಾತ್ರೆ ಹೋಟೆಲಿನದು, ಅಲ್ಲಿನ ಪಾತ್ರೆಗಳಲ್ಲಿ ತೀರ ಸಣ್ಣದು. ಆದರೂ ಬೇಳೆ ಅದರ ತಳದಲ್ಲಿ ಎಲ್ಲಿದೆ ಎಂದು ಬಗ್ಗಿ ನೋಡಬೇಕಿತ್ತು. ಲೆಕ್ಕ ತಪ್ಪಿರಲಿಲ್ಲ. ಆದರೆ ಕೊಪ್ಪರಿಗೆಯಲ್ಲಿ ಒಂದು ಗಂಟೆ ಕುದಿಯುವ ಸಾಂಬಾರನ್ನು ಎಂಬತ್ತು ಗ್ರಾಂ ಬೇಳೆಗೂ ಒಂದೇ ಗಂಟೆ ಕುದಿಸಿದ ಮಹಾನುಭಾವ ನಾನು. ಸಮಯವನ್ನೂ ಐವತ್ತರಿಂದ ಭಾಗಿಸಬೇಕೆ ಎಂದು ಅನಘಾ ಕೇಳಿದ್ದಳು. ಸುಮ್ಮನಿರು, ನನಗೆ ಗೊತ್ತು ಎಂದಿದ್ದೆ. ತಳ ಹಿಡಿದ ಆ ವಸ್ತುವನ್ನು ಸೌಟಿನಿಂದ ಕೆರೆದು ತಿಂದು, "ನಮ್ಮ ಹೋಟೆಲಿನ ಹಾಗೇ ಇದೆ" ಎಂದೆ. ಸುಮತಿ, "ಮಾವ ಇದ್ದಿದ್ರೆ ನಾಳೆಯೇ ಹೋಟೆಲ್ ಮುಚ್ಚಿಸ್ತಿದ್ರ್" ಎಂದಳು.

ಮಾರನೆಯ ದಿನ ಅನಘಾ ನನ್ನ ಲೆಕ್ಕದ ಚೀಟಿಯನ್ನು ಹರಿದು ಹಾಕಿದಳು. ಶಾಲೆ ಮುಗಿಸಿ ನೇರ ಹೋಟೆಲಿನ ಅಡುಗೆಮನೆಗೆ ಹೋಗಿ ಮಹಾಬಲಣ್ಣನ ಪಕ್ಕದಲ್ಲಿ ನಿಂತಳು. ಅಳತೆ ಕೇಳಲಿಲ್ಲ. ಅವರು ಯಾವಾಗ ಮೂಸುತ್ತಾರೆ, ಯಾವಾಗ ಉರಿ ಇಳಿಸುತ್ತಾರೆ, ಸೌಟಿನಿಂದ ಬೀಳುವ ಧಾರೆಯನ್ನು ಎಷ್ಟು ಹೊತ್ತು ನೋಡುತ್ತಾರೆ ಎಂದು ನೋಡಿದಳು. ಅವಳ ತಮಿಳು, ಅವರ ಕುಂದಾಪುರ ಕನ್ನಡ, ಇಬ್ಬರಿಗೂ ಯಾವ ತೊಂದರೆಯೂ ಆಗಲಿಲ್ಲ. "ಹುಣಸೆ ಹಸಿ ವಾಸ್ನಿ ಹೋಯ್ಕ್, ಅಲ್ಲಿವರಿಗೆ ಕಾಯ್ಕ್ ಮಗಾ" ಎಂದು, ಹಸಿ ವಾಸನೆ ಹೋಗುವ ತನಕ ಕಾಯಬೇಕೆಂದು, ಅವರು ಹೇಳಿದ್ದು ಗಲ್ಲಾದ ತನಕ ಕೇಳಿಸಿತು. ಇಪ್ಪತ್ತೈದು ವರ್ಷದಲ್ಲಿ ಅವರು ನನ್ನನ್ನು ಒಂದು ಸಲವೂ ಹಾಗೆ ಪಕ್ಕದಲ್ಲಿ ನಿಲ್ಲಿಸಿಕೊಂಡಿಲ್ಲ. ನಾನೂ ಕೇಳಿರಲಿಲ್ಲ ಅನ್ನಿ.

ಕಳೆದ ಭಾನುವಾರ ಅವಳು ಮನೆಯ ಸಣ್ಣ ಪಾತ್ರೆಯಲ್ಲಿ, ಚಹಾ ಚಮಚದ ಅಳತೆಯಲ್ಲಿ, ಸರಿಯಾಗಿ ನಾಲ್ಕು ಜನಕ್ಕೆ ಸಾಂಬಾರು ಮಾಡಿದಳು. ನಾವು ಮೂವರು, ನಾಲ್ಕನೆಯವರು ಮಹಾಬಲಣ್ಣ. ಅವರು ಮೊದಲ ತುತ್ತು ತಿಂದರು. ಅನಘಾ ಸೌಟು ಹಿಡಿದುಕೊಂಡೇ ನಿಂತಿದ್ದಳು. ಆಮೇಲೆ ಅವರು ಅನ್ನದ ನಡುವೆ ಗುಳಿ ಮಾಡಿ, "ಇನ್ನೊಂದ್ ಸೌಟ್ ಹಾಕ್" ಎಂದರು. ನನಗೆ ಕಣ್ಣಲ್ಲಿ ನೀರು ಬಂತು. ಒಣಮೆಣಸಿನ ಘಾಟು ಎಂದು ಹೇಳಿಕೊಂಡೆ. ಒಗ್ಗರಣೆ ಮುಗಿದು ಅರ್ಧ ಗಂಟೆಯಾಗಿತ್ತು.

ಬರುವ ಬುಧವಾರ ವಿಮಾನ. ಸಾಂಬಾರು ಪುಡಿ ಪೆಟ್ಟಿಗೆ ಸೇರಿದೆ, ಅದಕ್ಕಾಗಿ ಇನ್ನೊಂದು ಸ್ವೆಟರ್ ಹೊರಬಿದ್ದಿದೆ. ಎಲ್ಲ ಸುಸೂತ್ರವಾಯಿತು ಎಂದು ನಾನು ಎದೆ ಉಬ್ಬಿಸಿಕೊಂಡು ಓಡಾಡುತ್ತಿದ್ದಾಗ ಇಂಗ್ರಿಡ್ ಅವರಿಂದ ಮತ್ತೊಂದು ಪತ್ರ. ಆ ಶನಿವಾರ ಅಪ್ಪನೂ ವಿಡಿಯೋದಲ್ಲಿ ಬಂದು, ಚೆನ್ನೈಯ ಅಡುಗೆಮನೆಯಲ್ಲಿ ಜೊತೆಜೊತೆಗೇ ಸಾಂಬಾರು ಮಾಡಬೇಕಂತೆ, ಗುರು ಶಿಷ್ಯರಿಬ್ಬರನ್ನೂ ಒಟ್ಟಿಗೆ ನೋಡುವ ಆಸೆಯಂತೆ. ಅನಘಾ ಓದಿ ನಕ್ಕು ನಕ್ಕು ಕುರ್ಚಿಯಿಂದ ಜಾರಿದಳು. ಈಗ ದಿನಾ ಸಂಜೆ ನನಗೆ ಪಾಠ ನಡೆಯುತ್ತಿದೆ. "ಅಪ್ಪಾ, ಮೊದಲು ಮೂಸಿ ನೋಡಿ, ಆಮೇಲೆ ಮಾತಾಡಿ" ಎನ್ನುತ್ತಾಳೆ. ಹೋಟೆಲಿನ ಬಿಲ್ಲಿನ ಹಾಳೆಯ ಹಿಂದೆ ಇಬ್ಬರ ಅಳತೆ ಬರೆದು ಒಲೆಯ ಮೇಲಿನ ಗೋಡೆಗೆ ಅಂಟಿಸಿದ್ದಾಳೆ. ಇಬ್ಬರು ಯಾಕೆ ಎಂದು ಕೇಳಲು ಹೋದವನು, ಬುಧವಾರದ ನಂತರ ಮನೆಯಲ್ಲಿ ಉಳಿಯುವವರನ್ನು ಎಣಿಸಿಕೊಂಡೆ.

ಸಂದರ್ಶನದಲ್ಲಿ ನಾನು ಹೇಳಿದ್ದು ಪೂರ್ತಿ ಸುಳ್ಳಲ್ಲ ಎಂದು ಈಗ ಅನ್ನಿಸುತ್ತಿದೆ. ನಮ್ಮ ಮನೆಯಲ್ಲಿ ಅಡುಗೆ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಹೋಗುವುದು ನಿಜ. ಯಾವ ಕಡೆಯಿಂದ ಯಾವ ಕಡೆಗೆ ಎಂದು ಅವರು ಕೇಳಿರಲಿಲ್ಲ.