ಅಪ್ಪ ಹೇಳಿದರು ಎಂದು ನಾನು ಹೇಳಿದ್ದು

ನಮ್ಮ ಮನೆಗಳಲ್ಲಿ ‘ನನಗೆ ಬೇಕು’ ಎನ್ನುವ ಮಾತು ಅಷ್ಟಾಗಿ ಕೇಳಿಬರುವುದಿಲ್ಲ. ನೀವೂ ಗಮನಿಸಿರಬಹುದು. ಫ್ಯಾನು ಬೇಕಾದವನು ‘ಅಜ್ಜಿಗೆ ಸೆಕೆ’ ಎನ್ನುತ್ತಾನೆ. ನೆಂಟರ ಮದುವೆಗೆ ಹೋಗಲು ಸೋಮಾರಿತನ ಬಂದವನು ‘ಇವಳಿಗೆ ಬಸ್ಸು ಆಗಿಬರಲ್ಲ’ ಎಂದು ಹೆಂಡತಿಯನ್ನು ತೋರಿಸುತ್ತಾನೆ. ನಮ್ಮ ಆಸೆಯನ್ನು ಪಕ್ಕದವರ ಬಾಯಿಗೆ ತುರುಕಿ, ಅದು ಅವರದೇ ಮಾತು ಎಂದು ನಂಬಿಸುವ ಈ ವಿದ್ಯೆಯಲ್ಲಿ ನಾನು ಚಿಕ್ಕಂದಿನಿಂದಲೂ ಪಳಗಿದವನು. ಒಮ್ಮೆ ಅದನ್ನು ಒಡಹುಟ್ಟಿದ ತಂಗಿಯ ಮೇಲೂ, ಹೆತ್ತ ಅಪ್ಪನ ಮೇಲೂ ಒಂದೇ ದಿನ ಪ್ರಯೋಗಿಸಿದೆ. ಯಾರಿಗಾದರೂ ಹೇಳಿಬಿಡದೆ ಸಮಾಧಾನವಿಲ್ಲ.

ಮೊದಲು ನನ್ನ ಅರ್ಹತೆಯನ್ನು ತಿಳಿಸಬೇಕು. ಡಾಕ್ಟರಾಗಬೇಕೆಂದು ಪ್ರವೇಶ ಪರೀಕ್ಷೆಯನ್ನು ಮೂರು ಸಲ ಬರೆದೆ. ಮೂರನೆಯ ಸಲ ಬಂದ ರ‍್ಯಾಂಕನ್ನು ಕಂಡು ಅಪ್ಪ, “ಇದು ಯಾರ ಫೋನ್ ನಂಬರ್ಲಾ?” ಎಂದು ಕೇಳಿದ್ದರು. ಆಮೇಲೆ ಡಿ ಫಾರ್ಮ ಮಾಡಿ ಕುವೆಂಪುನಗರದಲ್ಲಿ ಒಂದು ಔಷಧಿ ಅಂಗಡಿ ಹಾಕಿದೆ. ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಮೆಷಿನ್ ಓಡಿಸುತ್ತಿದ್ದ ಅಪ್ಪ, ನಂಜನಗೂಡಿನ ಹತ್ತಿರದ ತಮ್ಮ ಊರಿಗೆ ಹೋದಾಗೆಲ್ಲ “ನನ್ ಮಗ ಮೆಡಿಕಲ್ಲಲ್ಲವ್ನೆ” ಎನ್ನುತ್ತಿದ್ದರು. ಅದು ಸುಳ್ಳೂ ಅಲ್ಲ.

ನನಗಿಂತ ಹನ್ನೆರಡು ವರ್ಷ ಚಿಕ್ಕವಳಾದ ತಂಗಿ ಸುಜಾತ ಮೊದಲ ಸಲ ಬರೆದಾಗಲೇ ದಡ ಸೇರಿದಳು. ಸೇರಿದ್ದು ಒಂದು ದಡವಾಗಿದ್ದರೆ ಚೆನ್ನಾಗಿತ್ತು. ರಾಜ್ಯದ ಪಟ್ಟಿಯಲ್ಲಿ ಮೈಸೂರಿನ ಸರ್ಕಾರಿ ಕಾಲೇಜಿನಲ್ಲೇ ಸೀಟು ಬಂತು. ಅದರ ಹಿಂದೆಯೇ ಅಖಿಲ ಭಾರತ ಪಟ್ಟಿಯಲ್ಲಿ, ದೆಹಲಿಯ ಬಹಳ ಹೆಸರಾಂತ ಕಾಲೇಜೊಂದರಲ್ಲಿ ಇನ್ನೊಂದು ಸೀಟು ಬಂತು. ಶುಕ್ರವಾರ ಸಂಜೆಯೊಳಗೆ ಒಂದನ್ನು ಹಿಡಿದು ಇನ್ನೊಂದನ್ನು ಬಿಡಬೇಕಿತ್ತು. ಹಿನಕಲ್ಲಿನ ನಮ್ಮ ಬೀದಿಯವರೆಲ್ಲ ಸಲಹೆ ಕೊಟ್ಟರು. ಎದುರು ಮನೆಯ ನಿವೃತ್ತ ಕಂಡಕ್ಟರು, “ಡೆಲ್ಲೀಲಿ ಅನ್ನ ಸಿಗಲ್ಲ ಕಣಮ್ಮ” ಎಂದು ಒಂದೇ ಮಾತಿನಲ್ಲಿ ವಿಷಯವನ್ನು ಬಗೆಹರಿಸಿದರು. ಸುಜಾತ ನಕ್ಕಳು. ಯಾಕೆಂದರೆ ಅವಳು ಆಗಲೇ ಅಲ್ಲಿನ ಹಾಸ್ಟೆಲಿನ ಫೋಟೋಗಳನ್ನು ಕಿಟಕಿ ಎಣಿಸುವಷ್ಟು ಸಲ ನೋಡಿ, ಆಗಸ್ಟ್ ತಿಂಗಳ ಮೈಸೂರಿನಲ್ಲಿ ಒಂದು ದಪ್ಪ ಗುಲಾಬಿ ಸ್ವೆಟರನ್ನೂ ಕೊಂಡು ತಂದಿದ್ದಳು.

ಅಡ್ಡಿಯಾಗಿದ್ದದ್ದು ಅಪ್ಪನ ಕಾಯಿಲೆ. ಎರಡು ವರ್ಷದಿಂದ ಅವರ ಎರಡೂ ಮೂತ್ರಪಿಂಡಗಳು ಕೆಲಸ ನಿಲ್ಲಿಸಿದ್ದವು. ಅಮ್ಮ ಅದಕ್ಕೂ ಮೊದಲೇ ತೀರಿಕೊಂಡಿದ್ದರು. ಮಂಗಳವಾರ, ಗುರುವಾರ, ಶನಿವಾರ ಬೆಳಗ್ಗೆ ಅಪ್ಪನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಡಯಾಲಿಸಿಸ್‌ಗೆ ಕರೆದೊಯ್ಯುವುದು, ನಾಲ್ಕು ಗಂಟೆ ಹೊರಗೆ ಕಾಯುವುದು, ಹಿಂಡಿ ಹಾಕಿದ ಬಟ್ಟೆಯಂತಾದ ಅವರನ್ನು ವಾಪಸ್ ತರುವುದು ನನ್ನ ಪಾಲಿನ ಕೆಲಸ. ಮಿಕ್ಕ ದಿನ ಪೊಲೀಸ್ ಕೆಲಸ. ದಿನಕ್ಕೆ ಇಷ್ಟೇ ನೀರು ಎಂದು ಡಾಕ್ಟರು ಅಳತೆ ಹಾಕಿಕೊಟ್ಟಿದ್ದರು. ಅಪ್ಪ ಬಾಯಿ ಮುಕ್ಕಳಿಸುವ ನೆಪದಲ್ಲಿ ನುಂಗಿಬಿಡುತ್ತಿದ್ದರು. ಅವರ ಪ್ರಾಣವಾಗಿದ್ದ ರಸಬಾಳೆಯನ್ನೂ ಡಾಕ್ಟರು ನಿಲ್ಲಿಸಿದ್ದರು. ಒಂದು ದಿನ ದಿಂಬಿನ ಕೆಳಗೆ ಸಿಪ್ಪೆ ಸಿಕ್ಕಿತು. ಅರವತ್ತೈದು ವರ್ಷದ ಮನುಷ್ಯನನ್ನು ಬಾಳೆಹಣ್ಣು ಕದ್ದದ್ದಕ್ಕೆ ಮಗ ಗದರುವುದನ್ನು ನೀವು ನೋಡಬಾರದು. ನಾನು ಗದರಿದೆ. ಅವರು ತಲೆ ತಗ್ಗಿಸಿ ಕೂತಿದ್ದರು. ನನಗೆ ಸಾಕಾಗಿಹೋಗಿತ್ತು. ಆದರೆ ‘ಸಾಕಾಗಿದೆ’ ಎಂದು ಯಾರ ಮುಂದೆ ಹೇಳುವುದು? ಬಂದವರೆಲ್ಲ ‘ಮಗ ಅಂದ್ರೆ ಇವನು’ ಎಂದು ಹೊಗಳಿ ನನ್ನ ಬಾಯಿ ಮುಚ್ಚಿಸಿದ್ದರು.

ಆ ವಾರದ ಗುರುವಾರ, ಮೆಷಿನ್ನಿನ ಪಕ್ಕದ ಕುರ್ಚಿಯಲ್ಲಿ ಒರಗಿದ್ದ ಅಪ್ಪ ನನ್ನನ್ನು ಒಳಗೆ ಕರೆಸಿದರು. “ಅವ್ಳ್ನ ಡೆಲ್ಲಿಗೆ ಕಳ್ಸ್‌ಬುಡ್ಲಾ. ನಾನೇನು ನೂರೊರ್ಸ ಇರ್ತೀನಾ? ನನ್ ಮಕ ನೋಡ್ಕಂಡು ಇಲ್ಲೇ ಕುಂತ್ಕಬಾರ್ದು. ನಾನೇಳುದ್ರೆ ಅವ್ಳೂ ಅಳ್ತಳೆ, ನಾನೂ ಅಳ್ತೀನಿ. ನೀನೇಳು. ನೀನಾದ್ರೆ ಅಳಕಿಲ್ಲ.”

“ಹೂಂ” ಎಂದೆ.

ಮನೆಗೆ ಬಂದಾಗ ಸುಜಾತ ಬಾಗಿಲಲ್ಲೇ ಕಾಯುತ್ತಿದ್ದಳು. ಅಪ್ಪನನ್ನು ಮಲಗಿಸಿ ಬಂದಮೇಲೆ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, “ಅಪ್ಪ ಏನಾದ್ರೂ ಅಂದ್ರಾ ಅಣ್ಣ? ನಾನೇ ಕೇಳೋಣ ಅಂದ್ರೆ ಧೈರ್ಯ ಆಗ್ತಿಲ್ಲ” ಎಂದಳು.

ಹೇಳಬೇಕಾದ ವಾಕ್ಯ ನನ್ನ ಬಾಯಲ್ಲೇ ಇತ್ತು. ಅದರ ಬದಲು ಬೇರೆಯದು ಬಂತು. “ಬಾಯಿಬಿಟ್ಟು ಹೇಳಲ್ಲ ಅವ್ರು. ಆದ್ರೆ ನೀನು ಹೋದ್ರೆ ಅವ್ರಿಗೆ ತಡೆಯೋಕಾಗಲ್ಲ ಕಣಮ್ಮ. ಇವತ್ತು ಅಲ್ಲೇ ಕಣ್ಣೀರು ಹಾಕಿದ್ರು. ಇಲ್ಲೇ ಇರ್ಲಿ ಅಂದ್ರು.”

ಅವಳು ಒಲೆಯ ಮೇಲೆ ಉಕ್ಕುತ್ತಿದ್ದ ಹಾಲನ್ನು ಇಳಿಸಿದಳು. ಅಂದೇ ಸಂಜೆ ನಾನು ಅಪ್ಪನ ಹಾಸಿಗೆಯ ಪಕ್ಕ ಕೂತು, “ಅವಳಿಗೇ ಡೆಲ್ಲಿ ಇಷ್ಟ ಇಲ್ವಂತೆ. ಭಾಷೆ ಬರಲ್ಲ, ಚಳಿ ಅಂತಾಳೆ. ನಾನು ಎಷ್ಟು ಹೇಳಿದ್ರೂ ಕೇಳಲ್ಲ” ಎಂದೆ. ಅಪ್ಪ ಸ್ವಲ್ಪ ಹೊತ್ತು ಗೋಡೆಯ ಮೇಲಿನ ಬುದ್ಧನ ಪಟವನ್ನು ನೋಡುತ್ತಿದ್ದು, “ಅಂಗಾರೆ ಆಯ್ತು ಬುಡು” ಎಂದರು. ಅವರ ಮುಖದಲ್ಲಿ ಸಣ್ಣ ಸಂತೋಷ ಕಂಡಿತು. ಅದನ್ನು ನೋಡಿ, ನಾನು ಮಾಡಿದ್ದೆಲ್ಲ ಅಪ್ಪನಿಗಾಗಿಯೇ ಎಂದು ನನಗೇ ನಂಬಿಕೆ ಬಂದುಬಿಟ್ಟಿತು. ಈ ವಿದ್ಯೆಯ ಹೆಚ್ಚುಗಾರಿಕೆ ಇದೇ.

ಸುಜಾತ ಮೈಸೂರಿನ ಕಾಲೇಜು ಸೇರಿದಳು. ರಾಶಿ ಪುಸ್ತಕದ ನಡುವೆಯೂ ಶನಿವಾರದ ಡಯಾಲಿಸಿಸ್ ಓಡಾಟವನ್ನು ಆಗಾಗ ತಾನೇ ವಹಿಸಿಕೊಂಡಳು. ನನಗೆ ಬೇಕಾಗಿದ್ದದ್ದು ಅದೇ. ಆ ಶನಿವಾರಗಳಲ್ಲಿ ನಾನು ಅಂಗಡಿಯಲ್ಲಿ ಫ್ಯಾನಿನ ಕೆಳಗೆ ಕೂತು, ಜಗತ್ತು ಇಷ್ಟು ಹಗುರವಾಗಿತ್ತೇ ಎಂದು ಆಶ್ಚರ್ಯಪಡುತ್ತಿದ್ದೆ.

ಅಂಥ ಒಂದು ಶನಿವಾರವೇ ಎಲ್ಲ ಹೊರಬಿತ್ತು. ಡಯಾಲಿಸಿಸ್ ಕೋಣೆಯಲ್ಲಿ ಎ.ಸಿ.ಯ ಚಳಿಗೆ ಅಪ್ಪ ನಡುಗುವುದನ್ನು ನೋಡಿ ಸುಜಾತ ತನ್ನ ಗುಲಾಬಿ ಸ್ವೆಟರನ್ನು ಒಯ್ದು ಅವರ ಹೆಗಲಿಗೆ ಹೊದಿಸಿದ್ದಾಳೆ. ಅಪ್ಪ, “ಇದ್ನ ಡೆಲ್ಲಿಗೆ ಅಂತ ತಕ್ಕಂಡಿದ್ದಲ್ವವ್ವ? ಚಳಿ ಅಂತ ನೀನೇ ಬ್ಯಾಡ ಅಂದ್ಯಂತೆ?” ಎಂದಿದ್ದಾರೆ. ಇವಳು, “ನಾನೆಲ್ಲಪ್ಪ ಅಂದೆ? ನೀವೇ ಅತ್ತಿದ್ರಂತಲ್ಲ” ಎಂದಿದ್ದಾಳೆ.

ಮಧ್ಯಾಹ್ನ ಅವಳು ಅಂಗಡಿಗೆ ಬಂದಳು. ಗಿರಾಕಿಯೊಬ್ಬರು ಕೆಮ್ಮಿನ ಔಷಧಿ ತೆಗೆದುಕೊಂಡು ಹೋಗುವ ತನಕ ಪಕ್ಕದಲ್ಲಿ ನಿಂತಿದ್ದಳು. ಬೈಯುತ್ತಾಳೆ ಎಂದು ನಾನು ಕಾದಿದ್ದೆ. ಬೈದಿದ್ದರೆ ನನ್ನ ಬಳಿ ಉತ್ತರಗಳಿದ್ದವು.

“ನಂಗೊಬ್ಬನಿಗೇ ಆಗ್ತಿಲ್ಲ, ನೀನಿರು ಅಂತ ಒಂದು ಮಾತು ಅಂದಿದ್ರೆ ಇರ್ತಿದ್ದೆ ಕಣಣ್ಣ” ಎಂದಳು. “ಅಪ್ಪನ ಹೆಸರು ಯಾಕೆ ತಂದೆ? ಒಂದೊಂದು ದಿನ ಇವ್ರಿಂದಾಗಿ ಹೋಗೋಕಾಗ್ಲಿಲ್ಲ ಅಂತ ಮನಸ್ಸಲ್ಲೇ ಅಪ್ಪನ್ನ ಬೈಕೊಂಡಿದ್ದೀನಿ. ಅದನ್ನ ಈಗ ಎಲ್ಲಿ ಇಡ್ಲಿ?”

ಕೌಂಟರಿನ ಮೇಲಿದ್ದ ಮಾತ್ರೆಯ ಪಟ್ಟಿಗಳನ್ನು ನಾನು ಸುಮ್ಮನೆ ಜೋಡಿಸುತ್ತಿದ್ದೆ. ಅವಳು ಹೊರಟುಹೋದಳು.

ಮುಂದಿನ ಮಂಗಳವಾರ ಸ್ಕೂಟರಿನಲ್ಲಿ ಅಪ್ಪ ಏನಾದರೂ ಹೇಳುತ್ತಾರೆಂದು ಬೆನ್ನು ಸೆಟೆಸಿಕೊಂಡೇ ಹೋದೆ. ಇಳಿಯುವಾಗ ನನ್ನ ಭುಜ ಹಿಡಿದುಕೊಂಡು, “ನಿಂಗೂ ಸಾಕಾಗದೆ. ನಂಗೊತ್ತು ಕಣ್ಲಾ” ಎಂದಷ್ಟೇ ಹೇಳಿ, ಕಾಲೆಳೆಯುತ್ತಾ ಒಳಗೆ ಹೋದರು. ಅವರು ತೊಟ್ಟಿದ್ದ ಗುಲಾಬಿ ಸ್ವೆಟರಿನ ತೋಳು ಮೊಣಕೈ ದಾಟಿರಲಿಲ್ಲ. ಹೆಂಗಸರ ಅಳತೆ. ಅದನ್ನು ನೋಡಿ ನಗು ಬಂತು. ಅದರ ಹಿಂದೆಯೇ ಬಂದದ್ದು ನಗುವಲ್ಲ. ಆಸ್ಪತ್ರೆಯ ಸ್ಟ್ಯಾಂಡಿನಲ್ಲಿ ಸ್ಕೂಟರಿಗೆ ಒರಗಿ ಅತ್ತೆ. ‘ನೀನಾದ್ರೆ ಅಳಕಿಲ್ಲ’ ಎಂದಿದ್ದರಲ್ಲ, ಆ ಲೆಕ್ಕವೂ ತಪ್ಪಿತು.

ಜನವರಿಯಲ್ಲಿ ಅಪ್ಪ ಹೋದರು. ಡಯಾಲಿಸಿಸ್ ನಡೆಯುತ್ತಿರುವಾಗಲೇ ರಕ್ತದೊತ್ತಡ ಇಳಿದದ್ದು ಮತ್ತೆ ಏರಲಿಲ್ಲ. ಸುಜಾತ ಕಾಲೇಜಿನಿಂದ ಓಡಿಬಂದಾಗ ಇನ್ನೂ ಉಸಿರಿತ್ತು. ಅವರ ಮಣಿಕಟ್ಟು ಹಿಡಿದು ನಿಂತಳು. ಮೊದಲ ವರ್ಷದ ಓದು. “ಅಪ್ಪನ ಮಣಿಕಟ್ಟಿನ ಎಂಟೂ ಮೂಳೆಗಳ ಹೆಸರು ಗೊತ್ತಿತ್ತಣ್ಣ, ಏನು ಮಾಡ್ಬೇಕು ಅನ್ನೋದೊಂದು ಗೊತ್ತಿರ್ಲಿಲ್ಲ” ಎಂದು ಆಮೇಲೆ ಹೇಳಿದಳು. ಆದರೂ ಅವಳು ಅಲ್ಲಿದ್ದಳು. ದೆಹಲಿಯಲ್ಲಿದ್ದಿದ್ದರೆ ಇರುತ್ತಿರಲಿಲ್ಲ. ಎಷ್ಟೋ ಸಲ ಈ ವಾದವನ್ನು ನನ್ನ ಪರವಾಗಿ ಹೂಡಲು ಹೊರಟಿದ್ದೇನೆ; ನ್ಯಾಯಾಧೀಶನೂ ನಾನೇ ಆಗಿರುವುದರಿಂದ ನಾಚಿಕೆಯಾಗಿ ಬಿಟ್ಟಿದ್ದೇನೆ.

ಅವಳೀಗ ಮೂರನೆಯ ವರ್ಷದಲ್ಲಿದ್ದಾಳೆ. ದೆಹಲಿಯ ಮಾತನ್ನು ಅವಳೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ. ಹೋದ ಭಾನುವಾರ ನಾನು ಹಣೆ ಒತ್ತಿಕೊಳ್ಳುತ್ತಾ ಕೂತಿದ್ದನ್ನು ನೋಡಿ, ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿದಳು. ಅವಳ ಹುಬ್ಬು ಗಂಟಿಕ್ಕಿತು.

“ತಲೆನೋವು ಎಷ್ಟು ದಿನದಿಂದ?”

“ಇವತ್ತೇ ಕಣಮ್ಮ. ಅಂಗಡೀಲಿ ಸ್ವಲ್ಪ ಸೆಕೆ.”

“ಅಣ್ಣ.” ಅಷ್ಟೇ ಅಂದಳು. ಪಟ್ಟಿಯನ್ನು ಬಿಚ್ಚಲಿಲ್ಲ.

“ಮೂರು ವಾರ” ಎಂದೆ.

ಅವಳು ತಲೆಯಾಡಿಸಿ ಬರೆದುಕೊಂಡಳು. ಬಹಳ ವರ್ಷಗಳ ಮೇಲೆ ತಂಗಿಯ ಎದುರು ನಿಜ ಹೇಳಿದೆನಲ್ಲ ಎಂದು ನನಗೆ ಹೆಮ್ಮೆಯೋ ಹೆಮ್ಮೆ. ತಲೆನೋವು ಶುರುವಾಗಿ ಒಂದೂವರೆ ತಿಂಗಳಾಗಿತ್ತು.