ಬಲಗೈಗೆ ಸಿಕ್ಕ ರಜೆ

ಮನುಷ್ಯನ ದೇಹದಲ್ಲಿ ಅತ್ಯಂತ ಕೃತಘ್ನವಾದ ಅಂಗ ಯಾವುದೆಂದು ಯಾರಾದರೂ ಕೇಳಿದರೆ, ಬಲಗೈ ಎಂದು ನಾನು ಯೋಚಿಸದೆ ಹೇಳುತ್ತೇನೆ. ನೆಬ್ರಾಸ್ಕದ ನಮ್ಮ ಸಣ್ಣ ಊರಿನ ಶಾಲೆಯಲ್ಲಿ ತಲೆ ನರೆಯುವವರೆಗೆ ಸೀಮೆಸುಣ್ಣ ಹಿಡಿದು ವ್ಯಾಕರಣ ಬರೆದಾಗ ತುಟಿಪಿಟಕ್ಕೆನ್ನದಿದ್ದ ಈ ಕೈ, ನಾನು ನಿವೃತ್ತನಾಗಿ ಮೋಟಾರ್‌ಸೈಕಲ್ಲಿನ ಹಿಡಿ ಹಿಡಿದ ಮೇಲೆ ಮುಷ್ಕರ ಹೂಡಿತು. ದೂರದ ಸವಾರಿಯಲ್ಲಿ ಎಕ್ಸಿಲರೇಟರನ್ನು ಒಂದೇ ಸಮನೆ ತಿರುಚಿ ಹಿಡಿದಿರಬೇಕು. ಅರ್ಧ ಗಂಟೆಯಾಗುವಷ್ಟರಲ್ಲಿ ಕಿರುಬೆರಳಿಗೆ ಜೋಮು ಹಿಡಿಯುತ್ತದೆ, ಅದನ್ನು ನೋಡಿ ಪಕ್ಕದ ಬೆರಳಿಗೆ, ಆಮೇಲೆ ಮಣಿಕಟ್ಟಿಗೆ. ಇನ್ನು ಸ್ವಲ್ಪ ಹೊತ್ತಿಗೆ ತೋಳಿನ ತುದಿಯಲ್ಲಿರುವುದು ನನ್ನ ಕೈಯೋ, ಸಂತೆಯಿಂದ ತಂದ ಕುಂಬಳಕಾಯಿಯೋ ತಿಳಿಯುವುದಿಲ್ಲ. ಮುಂದಿನ ಊರಿನಲ್ಲಿ ಗಾಡಿ ನಿಲ್ಲಿಸಿ, ಒದ್ದೆ ಬಟ್ಟೆಯನ್ನು ಒದರುವಂತೆ ಕೈ ಒದರಿ, ಎದುರಿಗೆ ಯಾವ ಕೆಫೆ ಸಿಕ್ಕಿತೋ ಅದರಲ್ಲಿ ಕುಳಿತು, ರಕ್ತ ಮರಳಿ ಬರುವ ತನಕ ಕಾಯಬೇಕು.

ಆ ಹೊತ್ತಿನಲ್ಲಿ ನಾನು ಸ್ವಲ್ಪ ನರಳುತ್ತೇನೆ. ('ಸ್ವಲ್ಪ' ಎಂಬ ಈ ವಿಶೇಷಣವನ್ನು ನನ್ನ ಹೆಂಡತಿ ಆರ್ಲಿಸ್ ಒಪ್ಪುವುದಿಲ್ಲ.)

ಕಳೆದ ಶರತ್ಕಾಲದ ಕೊನೆಯ ಸವಾರಿ ಮುಗಿಸಿ ಮನೆಗೆ ಬಂದ ದಿನ ಅವಳು ಹೆಲ್ಮೆಟ್ ತೆಗೆದು ಗೂಟಕ್ಕೆ ಹಾಕಿ, ತೀರ್ಪು ಕೊಡುವ ನ್ಯಾಯಾಧೀಶರ ಧಾಟಿಯಲ್ಲಿ ಹೇಳಿದಳು:

"ಲೀಲಂಡ್, ಬರೋ ಜೂನ್‌ನಲ್ಲಿ ಲವಾನ್ ಮನೆಗೆ ಹೋಗೋದಿದೆಯಲ್ಲ, ಅದೇ ಕೊನೆ ಅವಕಾಶ. ದಾರಿಯಲ್ಲಿ ಮತ್ತೆ ಈ ಅಯ್ಯೋ ಅಮ್ಮಾ ಕೇಳಿಸ್ತೋ, ಗಾಡಿ ಮಾರಿಬಿಡೋಣ. ಒಳಗೇ ಮಂಚ, ಒಲೆ ಎಲ್ಲ ಇರೋ ವ್ಯಾನು ತಗೊಳ್ಳೋಣ. ಕಾಲು ಚಾಚ್ಕೊಂಡು ಹೋಗಬಹುದು."

ಲವಾನ್ ಅವಳ ಅಕ್ಕ. ಕೊಲರಾಡೊದ ಗಡಿ ದಾಟಿದ ಕೂಡಲೇ ಸಿಗುವ ಊರಿನಲ್ಲಿದ್ದಾಳೆ. ಬೆಳಗ್ಗೆ ಹೊರಟರೆ ರಾತ್ರಿಯ ಊಟದ ಹೊತ್ತಿಗೆ ಅವಳ ಮನೆ ಸೇರುವುದು ನಮ್ಮ ವಾಡಿಕೆ.

ಆದರೆ ವ್ಯಾನು! ನನ್ನ ವಯಸ್ಸಿನವರು ವ್ಯಾನು ಕೊಂಡ ಮೇಲೆ ಏನಾದರೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ದೊಡ್ಡ ಅಂಗಡಿಗಳ ಮುಂದಿನ ಬಯಲಿನಲ್ಲಿ ಅದನ್ನು ನಿಲ್ಲಿಸಿ, ಪರದೆ ಎಳೆದುಕೊಂಡು, ಮನೆಯಲ್ಲಿ ನೋಡುತ್ತಿದ್ದ ಟಿವಿ ಕಾರ್ಯಕ್ರಮವನ್ನೇ ಅಲ್ಲಿಯೂ ನೋಡುತ್ತಾರೆ. ನನ್ನ ಮೋಟಾರ್‌ಸೈಕಲ್ ಉಳಿಯಬೇಕಾದರೆ ಬಲಗೈ ಬಾಯಿ ಮುಚ್ಚಿಕೊಂಡಿರಬೇಕು. ಅದಕ್ಕೆ ಒಂದೇ ದಾರಿ: ಥ್ರಾಟಲ್ ಲಾಕ್. ಎಕ್ಸಿಲರೇಟರನ್ನು ತಿರುಗಿಸಿದ ಜಾಗದಲ್ಲೇ ಹಿಡಿದು ನಿಲ್ಲಿಸುವ ಸಣ್ಣ ಬೀಗ ಅದು. ಅದನ್ನು ಹಾಕಿದರೆ ಗಾಡಿ ತನ್ನ ಪಾಡಿಗೆ ಓಡುತ್ತದೆ, ಕೈ ತನ್ನ ಪಾಡಿಗೆ ಇರುತ್ತದೆ.

ಚಳಿಗಾಲವಿಡೀ ನಾನು ಈ ಬೀಗದ ಮಹಾಸಂಶೋಧನೆಯಲ್ಲಿ ಮುಳುಗಿದೆ. ಮೊದಲು ಗೆಳೆಯ ಡ್ವೇನ್‌ನನ್ನು ವಿಚಾರಿಸಿದೆ. ಅವನು ಅಂಚೆ ಹಂಚಿ ನಿವೃತ್ತನಾದವನು, ನನಗಿಂತ ಹಳೆಯ ಸವಾರ. ಕೈ ನೋಯದೆ ಇದ್ದರೆ ಅದು ಸವಾರಿಯೇ ಅಲ್ಲ ಎಂಬುದು ಅವನ ಸಿದ್ಧಾಂತ. "ನಾಳೆ ಕುಂಡೆ ನೋಯುತ್ತೆ ಅಂತ ಅದಕ್ಕೂ ಒಂದು ಬೀಗ ಹುಡುಕ್ತೀಯೇನೋ, ಮೇಷ್ಟ್ರೇ?" ಎಂದು ನನ್ನನ್ನು ಹಂಗಿಸಿದ. ಅಲ್ಲಿಂದ ಎದ್ದು ಬಂದು ಇಂಟರ್‌ನೆಟ್ಟಿನಲ್ಲಿ ಸವಾರರ ಸಂಘವೊಂದಕ್ಕೆ ಸೇರಿ, 'ದೂರದ ಪ್ರಯಾಣಕ್ಕೆ ಯಾವ ಥ್ರಾಟಲ್ ಲಾಕ್ ಒಳ್ಳೆಯದು?' ಎಂದು ಸ್ಪಷ್ಟವಾಗಿ, ಪ್ರಶ್ನಾರ್ಥಕ ಚಿಹ್ನೆ ಸಹಿತ ಕೇಳಿದೆ. ಒಬ್ಬ ಕೈಗವಸು ಬದಲಾಯಿಸು ಎಂದ. ಇನ್ನೊಬ್ಬ ಗಾಡಿಯನ್ನೇ ಬದಲಾಯಿಸು ಎಂದ. ಮೂರನೆಯವನು ಎಂಜಿನ್ ಆಯಿಲಿನ ಮಾತು ತೆಗೆದ. ಆ ಮೇಲೆ ಕ್ರಿಸ್‌ಮಸ್ ಕಳೆಯುವವರೆಗೂ ಅಲ್ಲಿ ಆಯಿಲಿನ ಜಗಳವೇ ಜಗಳ. ನಡುವೆ ನಾನು ಇಬ್ಬರ ಕಾಗುಣಿತ ತಿದ್ದಿದೆ. ಅಂದಿನಿಂದ ಒಬ್ಬನೂ ನನ್ನೊಡನೆ ಮಾತಾಡಲಿಲ್ಲ.

ಹಾಗಾಗಿ ಪ್ರಯೋಗಕ್ಕೆ ಇಳಿದೆ. ಮೊದಲು ನಲ್ಲಿ ರಿಪೇರಿಯ ಅಂಗಡಿಯಿಂದ ರಬ್ಬರಿನ ಬಳೆಯೊಂದನ್ನು ತಂದು ಹಿಡಿಯ ತುದಿಗೆ ಸಿಕ್ಕಿಸಿದೆ. ಬೆಚ್ಚಗಿದ್ದ ಶೆಡ್ಡಿನಲ್ಲಿ ಅದು ಹೇಳಿದ ಮಾತು ಕೇಳಿತು. ಮಾರ್ಚ್ ತಿಂಗಳ ಚಳಿಗಾಳಿಗೆ ಒಯ್ದ ಕೂಡಲೇ ಕಲ್ಲಿನಂತಾಗಿ ಬಿಗಿದುಕೊಂಡಿತು. ಭಾನುವಾರ ಚರ್ಚಿನ ಬಾಗಿಲಲ್ಲಿ ನಾನು ಕ್ಲಚ್ ಹಿಡಿದು ನಿಂತರೆ ಎಂಜಿನ್ ಒಂದೇ ಸಮನೆ ಘರ್ಜಿಸುತ್ತಿತ್ತು. ಒಳಗೆ ಪ್ರಾರ್ಥನೆಗೆ ತಲೆ ಬಗ್ಗಿಸಿದ್ದವರೆಲ್ಲ ತಲೆ ಎತ್ತಿದರು.

ಎರಡನೆಯದು ಅಂಗೈ ಊರುವ ಪ್ಲಾಸ್ಟಿಕ್ಕಿನ ಪಟ್ಟಿ. ಬೆರಳಿನಿಂದ ಹಿಡಿಯುವುದೇ ಬೇಡ, ಅಂಗೈಯನ್ನು ಅದರ ಮೇಲೆ ಇಟ್ಟರೆ ಸಾಕು, ಗಾಡಿ ಓಡುತ್ತದೆ. ಅಂಗೈಯೇ ಆಗಬೇಕೆಂದಿಲ್ಲ, ಅಂಗಿಯ ತೋಳಾದರೂ ಸಾಕು ಎಂಬುದು ನನಗೆ ಶೆಡ್ಡಿನೊಳಗೆ ಗೊತ್ತಾಯಿತು. ತೋಳು ಪಟ್ಟಿಗೆ ಸಿಕ್ಕಿ, ಗಾಡಿ ಕರುವಿನಂತೆ ಮುಂದಕ್ಕೆ ನೆಗೆದು, ಆರ್ಲಿಸ್ ಬೇಸಿಗೆಯೆಲ್ಲ ಕುದಿಸಿ ಬಾಟಲಿಗೆ ತುಂಬಿಟ್ಟಿದ್ದ ಟೊಮೇಟೊ ರಸದ ಕಪಾಟನ್ನು ಆಲಿಂಗಿಸಿತು. ಸದ್ದು ಕೇಳಿ ಅವಳು ಬಾಗಿಲಿಗೆ ಬಂದಳು. ಕೆಂಪು ಮಡುವಿನ ನಡುವೆ ಕುಳಿತಿದ್ದ ನನ್ನನ್ನು ನೋಡಿ ಮೊದಲು ಬೆಚ್ಚಿ, ಆಮೇಲೆ ಮೂಸಿ, "ಕೈ ಏನಂತೆ, ಹಾಯಾಗಿದೆಯಂತಾ?" ಎಂದು ಕೇಳಿ ಒಳಗೆ ಹೋದಳು.

ಮೂರನೆಯದು ಅಲ್ಯೂಮಿನಿಯಮ್ಮಿನದು. ಹೆಬ್ಬೆರಳಿನಿಂದ ಒಂದು ಗುಂಡಿ ಒತ್ತಿದರೆ ಬೀಗ ಬೀಳುತ್ತದೆ, ಇನ್ನೊಂದನ್ನು ಒತ್ತಿದರೆ ಬಿಡುತ್ತದೆ. ಅವಸರವಾದರೆ ಹಿಡಿಯನ್ನು ಬಲವಾಗಿ ತಿರುವಿದರೂ ಸಾಕು, ನಮ್ಮ ಮಾತಿಗೆ ಅಡ್ಡ ಬರುವುದಿಲ್ಲ. ಇಷ್ಟು ವಿಧೇಯತೆಯನ್ನು ನಾನು ಯಾವ ತರಗತಿಯಲ್ಲೂ ಕಂಡವನಲ್ಲ. ಅದನ್ನು ಕೂರಿಸಿದ ದಿನ ಮನೆಯಲ್ಲಿ ಅದರ ಗುಣಗಾನವನ್ನು ನಾನು ಎಷ್ಟು ಮಾಡಿದೆನೆಂದರೆ, ಆರ್ಲಿಸ್ ಊಟದ ತಟ್ಟೆಯನ್ನು ಎತ್ತಿಕೊಂಡು ಬೇರೆ ಕೋಣೆಗೆ ಹೋದಳು.

ಜೂನ್ ಬಂತು. ಹೊರಟೆವು. ಊರು ದಾಟಿದ ಮೇಲೆ ಗುಂಡಿ ಒತ್ತಿದೆ. ಬಲಗೈಯನ್ನು ಮೆಲ್ಲಗೆ ಎತ್ತಿ ತೊಡೆಯ ಮೇಲಿಟ್ಟೆ. ಗಾಡಿ ಓಡುತ್ತಲೇ ಇತ್ತು. ಇಕ್ಕೆಲದಲ್ಲಿ ಮೊಣಕಾಲೆತ್ತರದ ಜೋಳ, ಮೇಲೆ ತಿಳಿ ಆಕಾಶ, ತೊಡೆಯ ಮೇಲೆ ಮಾವನ ಮನೆಗೆ ಬಂದ ಅಳಿಯನಂತೆ ಕುಳಿತ ನನ್ನ ಕೈ. ಎದುರು ಬರುವ ಸವಾರರಿಗೆ ಎಡಗೈಯನ್ನು ಕೆಳಕ್ಕೆ ಚಾಚಿ ವಂದಿಸುವುದು ನಮ್ಮ ಪದ್ಧತಿ. ಆ ದಿನ ನಾನು ಒಬ್ಬನಿಗೆ ಎರಡೂ ಕೈ ಚಾಚಿ ವಂದಿಸಿದೆ. ಅವನು ವಂದಿಸುವುದನ್ನು ಮರೆತು ತಿರುಗಿ ತಿರುಗಿ ನೋಡಿದ. ಆರ್ಲಿಸ್ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಅದು ನ್ಯಾಯವೇ.

ಹೆಲ್ಮೆಟ್ಟಿನೊಳಗೆ ಮಾತಾಡುವ ಯಂತ್ರವನ್ನು ನಾವು ಇಟ್ಟುಕೊಂಡಿಲ್ಲ. ಹಾಗಾಗಿ ನಮ್ಮ ಸಂಭಾಷಣೆಯೆಲ್ಲ ಹೆಗಲಿನ ಮೂಲಕ. ಮೊದಲ ಊರಿನ, ಧಾನ್ಯ ತುಂಬಿಡುವ ಎತ್ತರದ ಗೋಪುರ ಕಂಡಾಗ ಅವಳು ನನ್ನ ಹೆಗಲನ್ನು ಒಮ್ಮೆ ತಟ್ಟಿದಳು. 'ಕೈ ಹೇಗಿದೆ?' ಎಂದು ವಿಚಾರಿಸುತ್ತಿದ್ದಾಳೆಂದು ನನಗೆ ಹೃದಯ ತುಂಬಿ ಬಂತು. ಬಲಗೈಯ ಹೆಬ್ಬೆರಳೆತ್ತಿ ತೋರಿಸಿ, ಊರನ್ನು ದಾಟಿಸಿದೆ. ಎರಡನೆಯ ಊರಿನಲ್ಲಿ ಎರಡು ಸಲ ತಟ್ಟಿದಳು. ನಾನು ಬಿಡುವಾಗಿದ್ದ ಕೈಯಿಂದ ಅವಳ ಮೊಣಕಾಲನ್ನು ಪ್ರೀತಿಯಿಂದ ತಟ್ಟಿದೆ. ಮೂರನೆಯ ಊರಿನಲ್ಲಿ ಹೆಗಲ ಮೇಲೆ ಬಿದ್ದದ್ದು ತಟ್ಟುವಿಕೆಯಲ್ಲ, ಬಡಿತ. ಪಾಪ, ಅವಳಿಗೂ ವೇಗದ ಉತ್ಸಾಹ ಬಂದಿದೆ ಎಂದುಕೊಂಡು ಹಿಡಿಯನ್ನು ಇನ್ನಷ್ಟು ತಿರುವಿ ಬೀಗ ಹಾಕಿದೆ.

ಪೆಟ್ರೋಲಿಗೆ ಮಾತ್ರ ಒಂದು ಕಡೆ ನಿಂತೆವು. ಹೊಲದ ನಡುವೆ ಒಂಟಿ ಬಂಕು. ಅವಳು ಹೆಲ್ಮೆಟ್ ತೆಗೆದು ಸುತ್ತಲೂ ನೋಡಿ, ಇಲ್ಲಿ ಕೂರಲು ಒಂದು ಬೆಂಚೂ ಇಲ್ಲವಲ್ಲ ಎಂದಳು. ಕೂರುವುದೇಕೆ, ಹೀಗೇ ಹೋದರೆ ಮಧ್ಯಾಹ್ನಕ್ಕೆಲ್ಲ ಅಕ್ಕನ ಮನೆಯಲ್ಲಿರುತ್ತೇವೆ ಎಂದು ನಾನು ಹೆಮ್ಮೆಯಿಂದ ಹೇಳಿದೆ. ಅವಳು ಉತ್ತರಿಸಲಿಲ್ಲ. ಮಾತು ಹೊರಡದಷ್ಟು ಮೆಚ್ಚಿದ್ದಾಳೆ ಎಂದುಕೊಂಡೆ. (ಮದುವೆಯಾಗಿ ಇಷ್ಟು ವರ್ಷವಾದರೂ ಹೆಂಡತಿಯ ಮೌನಕ್ಕೆ ಅರ್ಥ ಹಚ್ಚುವ ಧೈರ್ಯ ಮಾಡಿದೆನಲ್ಲ!)

ಹೇಳಿದಂತೆಯೇ ಮಧ್ಯಾಹ್ನಕ್ಕೆ ತಲುಪಿದೆವು. ಲವಾನ್ ಮನೆಗೆ ಬೀಗ. ನಾವು ರಾತ್ರಿಯ ಊಟಕ್ಕೆ ಬರುವವರೆಂದು ಅವಳು ಕೂದಲು ಕತ್ತರಿಸಿಕೊಳ್ಳಲು ಪಕ್ಕದ ಊರಿಗೆ ಹೋಗಿದ್ದಾಳೆಂದು ಬೇಲಿಯಾಚೆಯವರು ತಿಳಿಸಿದರು. ಆರ್ಲಿಸ್ ಗಾಡಿಯಿಂದ ಇಳಿದಳು. ಇಳಿದಳು ಎನ್ನುವುದಕ್ಕಿಂತ, ಮಡಿಸುವ ಕುರ್ಚಿಯೊಂದು ತುಕ್ಕು ಹಿಡಿದು ಅರ್ಧಕ್ಕೇ ನಿಂತಂತೆ, ಬಾಗಿದ ಭಂಗಿಯಲ್ಲೇ ಹೋಗಿ ಮೆಟ್ಟಿಲ ಮೇಲೆ ಕುಳಿತಳು.

"ಕೈ ಹೇಗಿದೆ?" ಎಂದಳು.

"ಒಂದು ಚೂರೂ ನೋವಿಲ್ಲ. ಬೇಕಾದರೆ ಈಗಲೇ ಒಂದು ಪುಟ ಬರೆದು ತೋರಿಸ್ತೀನಿ."

"ಹಾಗಾದರೆ ಗಾಡಿ ಮಾರಿಬಿಡೋಣ."

ಹೆಲ್ಮೆಟ್ಟನ್ನು ಹಿಡಿದಿದ್ದ ನನ್ನ ಕೈಗೆ ಮತ್ತೆ ಜೋಮು ಹಿಡಿದಂತಾಯಿತು. "ನೋವಾದರೆ ಮಾರೋಣ ಅಂದಿದ್ದೆ ನೀನು. ಈಗ ನೋವಿಲ್ಲವಲ್ಲ."

"ನರಳಬೇಡ ಅಂದೆ ಕಣೋ. ನಿಲ್ಲಿಸಬೇಡ ಅಂತ ಯಾವಾಗ ಅಂದೆ? ಹಿಂದೆ ಕೂತು ನನಗೆ ಕಾಣಿಸೋದು ಏನು ಗೊತ್ತಾ? ನಿನ್ನ ಹೆಲ್ಮೆಟ್ಟಿನ ಬೆನ್ನು. ಅದನ್ನು ಮನೆ ಗೂಟದ ಮೇಲೂ ನೋಡಬಹುದು." ಅವಳು ಸೊಂಟ ನೀವಿಕೊಂಡಳು. "ನಿನ್ನ ಕೈ ಕೈಕೊಡ್ತಾ ಇತ್ತಲ್ಲ, ಆಗ ಪ್ರತಿ ಊರಲ್ಲೂ ಒಂದು ಕೆಫೆ, ಒಂದು ತುಂಡು ಪೈ, ಒಂದು ಕಪ್ ಕಾಫಿ. ರಕ್ತ ಬರೋವರೆಗೆ ನೀನು ಎಲ್ಲಿಗೂ ಹೋಗೋ ಹಾಗಿರಲಿಲ್ಲ. ಕೂತು ನನ್ನ ಹತ್ತಿರ ಮಾತಾಡ್ತಿದ್ದೆ. ಮನೆಯಲ್ಲಿ ಅಷ್ಟು ಹೊತ್ತು ಯಾವತ್ತು ಮಾತಾಡಿದ್ದೀಯ, ಹೇಳು ನೋಡೋಣ."

ನಾನು ಹೆಲ್ಮೆಟ್ ಕೆಳಗಿಟ್ಟೆ. ಹೋಗಿ ಅವಳ ಪಕ್ಕ ಕುಳಿತೆ.

"ಇವತ್ತು ಪ್ರತಿ ಊರಲ್ಲೂ ಬಡಿದು ಬಡಿದು ಹೇಳಿದೆ. ನೀನು ಹೆಬ್ಬೆರಳು ತೋರಿಸ್ತೀಯ."

ಲವಾನ್ ಬರುವ ತನಕ ಆ ಮೆಟ್ಟಿಲ ಮೇಲೆ ಮಾತುಕತೆ ನಡೆಯಿತು. ಅದರ ವಿವರ ಬೇಡ. ಕೊನೆಗೆ ಒಪ್ಪಂದವಾದದ್ದು ಇಷ್ಟು: ಗಾಡಿ ಉಳಿಯುವುದು, ಬೀಗ ಹೋಗುವುದು. ಹಿಮ ಬೀಳುವ ರಾತ್ರಿಗಳಲ್ಲಿ ಕಣ್ಣು ಕೆಂಪಾಗಿಸಿಕೊಂಡು ಆರಿಸಿದ ಆ ಯಂತ್ರರತ್ನವನ್ನು ನನ್ನ ಕೈಯಿಂದಲೇ ಬಿಚ್ಚಿಸಿ, ಅದನ್ನೂ ಅದರ ಸ್ಕ್ರೂ ಬಿಗಿಯುವ ಸಣ್ಣ ಕೀಲಿಯನ್ನೂ ಅವಳು ತನ್ನ ಚೀಲದಲ್ಲಿ, ಮೂಗೊರೆಸುವ ಕಾಗದದ ಪಕ್ಕದಲ್ಲಿ ಇಟ್ಟುಕೊಂಡಳು.

ಹಿಂದಿರುಗುವಾಗ ಮೊದಲ ಊರಿನಲ್ಲಿ ಚೆರ್ರಿ ಪೈ, ಎರಡನೆಯದರಲ್ಲಿ ಸೇಬಿನದು. ಮೂರನೆಯ ಊರಿನ ಕೆಫೆಯಲ್ಲಿ ನನ್ನ ಅಜ್ಜಿ ಮಾಡುತ್ತಿದ್ದಂತಹ, ಗಸಗಸೆ ತುಂಬಿದ ಸಿಹಿ ಬನ್ನು ಸಿಕ್ಕಿತು. ಬಲಗೈಗೆ ಜೋಮು ಹಿಡಿದಿದ್ದರಿಂದ ಎಡಗೈಯಲ್ಲಿ ತಿಂದೆ. ಗಸಗಸೆಯಲ್ಲಿ ಅರ್ಧ ನನ್ನ ಅಂಗಿಯ ಪಾಲಾಯಿತು. ನಾನು ನರಳಿದೆ. ಆರ್ಲಿಸ್ ಕಾಫಿ ಹೀರುತ್ತ, ಎಷ್ಟು ಬೇಕಾದರೂ ನರಳು, ಅವಸರವೇನಿಲ್ಲ ಎಂದಳು. ನಾವು ಮಾತಾಡಿದೆವು. ಯಾವ ಯಾವುದೋ ಹಳೆಯ ವಿಷಯಗಳು. ಅವಳು ಒಂದು ಸಲ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. (ನನ್ನನ್ನು ನೋಡಿಯೇ.)

ಏಳುವ ಮುಂಚೆ ಅವಳು ಕಾಫಿ ತಂದ ಹೆಂಗಸನ್ನು, ಮುಂದಿನ ಊರಿನ ಕೆಫೆಯಲ್ಲಿ ಇವತ್ತು ಏನು ಪೈ ಎಂದು ವಿಚಾರಿಸಿದಳು.

"ಅಯ್ಯೋ, ಅವರದು ಸೋಮವಾರ ಬಾಗಿಲು ಹಾಕಿರುತ್ತೆ ಕಣಮ್ಮ. ಅದರಾಚೆ ಊರಲ್ಲೂ ಅಷ್ಟೇ."

ಆರ್ಲಿಸ್ ಕಪ್ ಕೆಳಗಿಟ್ಟಳು. ಆಮೇಲೆ ಚೀಲಕ್ಕೆ ಕೈ ಹಾಕಿ, ಬೀಗವನ್ನೂ ಕೀಲಿಯನ್ನೂ ತೆಗೆದು ಮೇಜಿನ ಮೇಲಿಟ್ಟಳು.

"ತಗೋ. ಆ ಎರಡು ಊರು ದಾಟೋವರೆಗೆ ಮಾತ್ರ ಹಾಕ್ಕೋ."

ಹೊರಗೆ ಬಂದು ಕೀಲಿ ತಿರುವಲು ನೋಡಿದೆ. ಇನ್ನೂ ಜೋಮು ಬಿಡದ ಬೆರಳುಗಳಿಂದ ಅದು ಮೂರು ಸಲ ಜಾರಿ ಜಲ್ಲಿಯ ಮೇಲೆ ಬಿತ್ತು. ಕೊನೆಗೆ ಅವಳೇ ಅದನ್ನು ಹೆಕ್ಕಿಕೊಂಡು, ನನ್ನನ್ನು ಪಕ್ಕಕ್ಕೆ ಸರಿಸಿ, ಏನೋ ಗುನುಗುತ್ತ, ನಾನು ಒಂದು ಇಡೀ ಮಧ್ಯಾಹ್ನ ಹೆಣಗಿ ಕೂರಿಸಿದ್ದ ಬೀಗವನ್ನು ಕಾಫಿ ಆರುವಷ್ಟರಲ್ಲಿ ಕೂರಿಸಿಬಿಟ್ಟಳು.